ವರ್ಚುವಲ್ ಯಂತ್ರಗಳಲ್ಲಿ ಟೈಮ್‌ಸ್ಟಾಂಪ್ ಕೌಂಟರ್

ಟೈಮ್‌ಸ್ಟಾಂಪ್ ಕೌಂಟರ್ (ಸಂಕ್ಷಿಪ್ತವಾಗಿ ಟಿಎಸ್‌ಸಿ) ಎಂಬುದು ಎಕ್ಸ್86 ವರ್ಗದ ಪ್ರೊಸೆಸರ್‌ಗಳ ಒಳಗಿರುವ, 64 ಬಿಟ್‌ಗಳ ಎಣಿಕೆ ರಿಜಿಸ್ಟರ್. 1993ರಲ್ಲಿ ಇಂಟೆಲ್‌ನ ಪೆಂಟಿಯಂ ಜೊತೆಗೆ ಬಂದ ಇದನ್ನು ಆರ್‌ಡಿಟಿಎಸ್‌ಸಿ ಎಂಬ ಒಂದೇ ಆದೇಶದಿಂದ ಓದಬಹುದು. ಒಂದೇ ಯಂತ್ರದ ಮೇಲೆ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವ ಹೈಪರ್‌ವೈಸರ್ ತಂತ್ರಾಂಶವು ಈ ಎಣಿಕೆಯನ್ನು ಪ್ರತಿಯೊಂದು ಅತಿಥಿ ವ್ಯವಸ್ಥೆಗೂ ಅದರದೇ ಸ್ವಂತದ್ದು ಎಂಬಂತೆ ತೋರಿಸಬೇಕಾಗುತ್ತದೆ. ಅತಿಥಿಯ ಕಾಲ ಎಂದೂ ಹಿಂದಕ್ಕೆ ಸರಿಯಬಾರದು ಎಂಬುದು ಇಲ್ಲಿನ ಮೂಲ ನಿಯಮ.

ಈ ನಿಯಮ ಮುರಿದರೆ ಆಗುವ ಹಾನಿ ಸಣ್ಣದಲ್ಲ. ಎರಡು ಓದುಗಳ ನಡುವಣ ವ್ಯತ್ಯಾಸ ಋಣಸಂಖ್ಯೆಯಾಗಿ, ಅದನ್ನು ಚಿಹ್ನೆಯಿಲ್ಲದ ಸಂಖ್ಯೆ ಎಂದು ಓದಿಕೊಂಡಾಗ, 2.4 ಗಿಗಾಹರ್ಟ್ಸ್ ಪ್ರೊಸೆಸರ್‌ನಲ್ಲಿ ಕೆಲವೇ ಎಣಿಕೆಗಳ ಹಿನ್ನಡೆಯು 240 ವರ್ಷಗಳಿಗೂ ಹೆಚ್ಚಿನ ಅವಧಿಯಾಗಿ ಕಾಣುತ್ತದೆ.

ಎಣಿಕೆಯ ದೋಷಗಳು

ಆರಂಭದಲ್ಲಿ ಟಿಎಸ್‌ಸಿ ಪ್ರೊಸೆಸರ್‌ನ ಪ್ರತಿ ಆವರ್ತವನ್ನೂ ಎಣಿಸುತ್ತಿತ್ತು. ವಿದ್ಯುತ್ ಉಳಿಸಲು ಪ್ರೊಸೆಸರ್ ವೇಗ ತಗ್ಗಿಸಿದರೆ ಎಣಿಕೆಯೂ ನಿಧಾನವಾಗುತ್ತಿತ್ತು. ನಂತರದ ಪೆಂಟಿಯಂ 4 ಮಾದರಿಗಳಲ್ಲಿ ಎಣಿಕೆಯ ದರ ಸ್ಥಿರವಾಯಿತು; ಆದರೂ ಆಳವಾದ ನಿದ್ರಾಸ್ಥಿತಿಯಲ್ಲಿ ಅದು ನಿಂತುಬಿಡುವ ತೊಂದರೆ ಮುಂದಿನ ಹಲವು ಮಾದರಿಗಳಲ್ಲೂ ಉಳಿಯಿತು. ಎಎಮ್‌ಡಿಯ ಜೋಡಿ ಕೋರ್‌ಗಳ ಅಥ್ಲಾನ್ 64 ಎಕ್ಸ್2ರಲ್ಲಿ ಎರಡು ಕೋರ್‌ಗಳ ಎಣಿಕೆಗಳು ಬೇರೆಬೇರೆಯಾಗಿ ಸಾಗುತ್ತಿದ್ದವು.

2008ರಲ್ಲಿ ಬಿಡುಗಡೆಯಾದ, ಆರು ಕೋರ್‌ಗಳ ಇಂಟೆಲ್ ಜಿಯಾನ್ 7400 (ಡನ್ನಿಂಗ್ಟನ್) ಚಿಪ್‌ನ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಹಲವು ವರ್ಚುವಲ್ ಯಂತ್ರಗಳನ್ನು ಹೊರುವಂಥ ದೊಡ್ಡ ಸರ್ವರ್‌ಗಳಿಗೆಂದೇ ರೂಪಿಸಿದ ಈ ಚಿಪ್, ನೆಹೇಲಮ್‌ಗಿಂತ ಹಿಂದಿನ ಪೀಳಿಗೆಗೆ ಸೇರಿದ್ದು. ವೇಗ ಬದಲಾದರೂ ನಿದ್ರಿಸಿದರೂ ಒಂದೇ ದರದಲ್ಲಿ ಸಾಗುವ ಅಚಲ ಟಿಎಸ್‌ಸಿಯನ್ನು ಇಂಟೆಲ್ ಒದಗಿಸಿದ್ದು ನೆಹೇಲಮ್‌ನಿಂದ. ಅಚಲ ಎಣಿಕೆ ಇದೆಯೇ ಎಂಬುದನ್ನು ಸಿಪಿಯುಐಡಿ ಆದೇಶದ ಮೂಲಕ ತಿಳಿಯಬಹುದು. ಆದರೆ ಈ ಭರವಸೆ ದರಕ್ಕೆ ಮಾತ್ರ ಸಂಬಂಧಿಸಿದೆ; ಎಲ್ಲ ಕೋರ್‌ಗಳ ಎಣಿಕೆ ಒಂದೇ ಮೌಲ್ಯದಲ್ಲಿದೆ ಎಂದು ಅದು ಹೇಳುವುದಿಲ್ಲ. ಲಿನಕ್ಸ್ ಕರ್ನಲ್ ಈ ಕಾರಣದಿಂದಲೇ ತಾನಾಗಿ ಪರೀಕ್ಷೆ ನಡೆಸಿ, ಸಂಶಯ ಬಂದರೆ ಟಿಎಸ್‌ಸಿಯನ್ನು ಕೈಬಿಟ್ಟು ನಿಧಾನವಾದ ಬೇರೆ ಗಡಿಯಾರಕ್ಕೆ ಹೊರಳುತ್ತದೆ.

ಹೈಪರ್‌ವೈಸರ್‌ನ ನಿರ್ವಹಣೆ

ಅತಿಥಿಯು ಎಣಿಕೆಯನ್ನು ಓದುವಾಗಲೆಲ್ಲ ಅದನ್ನು ತಡೆದು ಹೈಪರ್‌ವೈಸರ್ ತಾನೇ ಉತ್ತರ ಕೊಡಬಹುದು. ಇದು ನಿಖರ, ಆದರೆ ಕೆಲವೇ ಹತ್ತು ಆವರ್ತಗಳ ಕೆಲಸಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಆವರ್ತಗಳು ಖರ್ಚಾಗುತ್ತವೆ. ಆದ್ದರಿಂದ ಸಾಮಾನ್ಯವಾಗಿ ಬಳಸುವುದು ಪ್ರೊಸೆಸರ್ ತಾನೇ ಕೂಡಿಸುವ 'ಆಫ್‌ಸೆಟ್' ಮೌಲ್ಯವನ್ನು. ಆತಿಥೇಯ ಯಂತ್ರದ ಎಣಿಕೆ 900 ಕೋಟಿಯಲ್ಲಿರುವಾಗ ಅತಿಥಿ ಆರಂಭವಾದರೆ, ಋಣ 900 ಕೋಟಿಯ ಆಫ್‌ಸೆಟ್‌ನಿಂದ ಅತಿಥಿಗೆ ಸೊನ್ನೆ ಕಾಣುತ್ತದೆ.

ಅತಿಥಿಯೇ ಟಿಎಸ್‌ಸಿಗೆ ಮೌಲ್ಯ ಬರೆಯಲು ಹೊರಟಾಗ ತೊಡಕು ಹೆಚ್ಚುತ್ತದೆ. ತನ್ನ ಎಲ್ಲ ಪ್ರೊಸೆಸರ್‌ಗಳನ್ನು ಹೊಂದಿಸಲು ಅದು ಒಂದರ ನಂತರ ಒಂದಕ್ಕೆ ಒಂದೇ ಮೌಲ್ಯವನ್ನು ಬರೆಯಬಹುದು. ನಡುವಿನ ವಿಳಂಬವನ್ನು ಹಾಗೆಯೇ ಲೆಕ್ಕಕ್ಕೆ ಹಿಡಿದರೆ ಪ್ರತಿ ಪ್ರೊಸೆಸರ್‌ಗೂ ಬೇರೆ ಆಫ್‌ಸೆಟ್ ದೊರೆತು, ಹೊಂದಿಕೆಯ ಯತ್ನವೇ ಹೊಂದಿಕೆಯನ್ನು ಕೆಡಿಸುತ್ತದೆ. ಕೆವಿಎಮ್ ಇದನ್ನು ಊಹೆಯಿಂದ ಬಗೆಹರಿಸುತ್ತದೆ: ಬರೆದ ಮೌಲ್ಯವು ಹಿಂದಿನ ಬರಹದ ಲೆಕ್ಕಕ್ಕೆ ಒಂದು ಸೆಕೆಂಡಿನೊಳಗೆ ಹೊಂದಿಕೊಂಡರೆ, ಅತಿಥಿಯ ಉದ್ದೇಶ ಹೊಂದಾಣಿಕೆಯೇ ಎಂದು ತಿಳಿದು ಎಲ್ಲಕ್ಕೂ ಒಂದೇ ಆಫ್‌ಸೆಟ್ ಕೊಡುತ್ತದೆ. ಸಿದ್ಧಾಂತದ ದೃಷ್ಟಿಯಿಂದ ಇದು ಅಂದಾಜೇ ಸರಿ, ಆದರೆ ಉಪಯುಕ್ತವಾದ ಅಂದಾಜು.

ಯಂತ್ರದಿಂದ ಯಂತ್ರಕ್ಕೆ ಸ್ಥಳಾಂತರ

ಓಡುತ್ತಿರುವ ಅತಿಥಿಯನ್ನು 2.4 ಗಿಗಾಹರ್ಟ್ಸ್ ಯಂತ್ರದಿಂದ 3 ಗಿಗಾಹರ್ಟ್ಸ್ ಯಂತ್ರಕ್ಕೆ ಸಾಗಿಸಿದರೆ ಆಫ್‌ಸೆಟ್ ಸಾಲದು. ಟಿಎಸ್‌ಸಿಯನ್ನೇ ನಂಬಿದ ಅತಿಥಿಯ ಗಡಿಯಾರ ಗಂಟೆಗೆ 15 ನಿಮಿಷ ಮುಂದೆ ಓಡುತ್ತದೆ. ಹೊಸ ಪ್ರೊಸೆಸರ್‌ಗಳು ಆತಿಥೇಯದ ಎಣಿಕೆಯನ್ನು ಮೊದಲು ಒಂದು ಗುಣಕದಿಂದ, ಈ ಉದಾಹರಣೆಯಲ್ಲಿ 0.8ರಿಂದ, ಗುಣಿಸಿ ಬಳಿಕ ಆಫ್‌ಸೆಟ್ ಕೂಡಿಸುತ್ತವೆ. ಇಂಟೆಲ್‌ನಲ್ಲಿ ಗುಣಕದ ಭಿನ್ನಾಂಶಕ್ಕೆ 48 ಬಿಟ್‌ಗಳಿದ್ದರೆ ಎಎಮ್‌ಡಿಯಲ್ಲಿ 32.

ಹಂಚಿಕೊಂಡ ಗಡಿಯಾರ

ಅತಿಥಿಗೆ ತಾನು ವರ್ಚುವಲ್ ಯಂತ್ರದಲ್ಲಿರುವುದು ತಿಳಿದಿದ್ದರೆ ಇನ್ನೊಂದು ದಾರಿಯಿದೆ. ಕೆವಿಎಮ್‌ನ ಗಡಿಯಾರ ವ್ಯವಸ್ಥೆಯಲ್ಲಿ ಹೈಪರ್‌ವೈಸರ್, ಎಣಿಕೆಯನ್ನು ನ್ಯಾನೊಸೆಕೆಂಡಿಗೆ ಬದಲಿಸುವ ಗುಣಕಗಳನ್ನು ಅತಿಥಿಯ ಸ್ಮೃತಿಯ ಒಂದು ಪುಟದಲ್ಲಿ ಬರೆದಿಡುತ್ತದೆ. ಅದರ ಆವೃತ್ತಿ ಸಂಖ್ಯೆ ಬೆಸವಾಗಿದ್ದರೆ ಬರಹ ಇನ್ನೂ ನಡೆಯುತ್ತಿದೆ ಎಂದರ್ಥ. ಅತಿಥಿ ಮತ್ತೆ ಓದಬೇಕು. ಹೈಪರ್-ವಿ ಇಂಥದೇ ಪುಟದ ಮೂಲಕ 100 ನ್ಯಾನೊಸೆಕೆಂಡುಗಳ ಮಾನದಲ್ಲಿ ಕಾಲವನ್ನು ತಿಳಿಸುತ್ತದೆ. ಆತಿಥೇಯದ ಎಣಿಕೆಗಳು ಪರಸ್ಪರ ಹೊಂದಿಲ್ಲವೆಂದು ಕಂಡರೆ, ಲಿನಕ್ಸ್ ಅತಿಥಿಯು ಕೊನೆಯದಾಗಿ ಕೊಟ್ಟ ಕಾಲವನ್ನು ನೆನಪಿಟ್ಟುಕೊಂಡು ಅದಕ್ಕಿಂತ ಹಿಂದಿನದನ್ನು ಎಂದೂ ಕೊಡುವುದಿಲ್ಲ. ಇದಕ್ಕಾಗಿ ಎಲ್ಲ ಪ್ರೊಸೆಸರ್‌ಗಳೂ ಸ್ಮೃತಿಯ ಒಂದೇ ಸ್ಥಾನಕ್ಕೆ ಮುಗಿಬೀಳಬೇಕಾಗುವುದರಿಂದ, ಕೋರ್‌ಗಳು ಹೆಚ್ಚಿದಷ್ಟೂ ಸಮಯ ಕೇಳುವ ಕೆಲಸ ನಿಧಾನವಾಗುತ್ತದೆ.