ಕಾಲೇಜು ತರಗತಿಯಲ್ಲಿ ಕಿನ್ನರ ಕಥೆ: ಯಾವ ಸಿಂಡ್ರೆಲಾ, ಯಾರ ಸಿಂಡ್ರೆಲಾ?

ಸಿಂಡ್ರೆಲಾ ಕಳೆದುಕೊಂಡ ಪಾದರಕ್ಷೆ ಯಾವುದರಿಂದ ಮಾಡಿದ್ದು? ಗಾಜಿನಿಂದ ಎಂಬುದು ಬಹುತೇಕರ ಉತ್ತರ. ಫ್ರಾನ್ಸಿನ ಷಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಯ ಮಟ್ಟಿಗೆ ಈ ಉತ್ತರ ಸರಿ. ಜರ್ಮನಿಯ ಗ್ರಿಮ್ ಸಹೋದರರ ಕಥೆಯಲ್ಲಿ ಅದು ಚಿನ್ನದ್ದು. ಒಂಬತ್ತನೆಯ ಶತಮಾನದ ಚೀನಾದಲ್ಲಿ ದುವಾನ್ ಚೆಂಗ್‌ಷಿ ಬರೆದಿಟ್ಟ ಯೆ ಷಿಯನ್ ಎಂಬ ಹುಡುಗಿಯ ಕಥೆಯಲ್ಲಿಯೂ ಚಿನ್ನದ್ದೇ. ಎ.ಕೆ. ರಾಮಾನುಜನ್ ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿದ ‘ಹಂಚಿ’ ಕಥೆಯಲ್ಲಂತೂ ಪಾದರಕ್ಷೆಯ ಪ್ರಸ್ತಾಪವೇ ಇಲ್ಲ.

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಕಿನ್ನರ ಕಥೆಗಳ ಪಠ್ಯಕ್ರಮ ಇಂತಹ ಪ್ರಶ್ನೆಗಳಿಂದಲೇ ಆರಂಭವಾಗುತ್ತದೆ. ಜರ್ಮನ್, ಇಂಗ್ಲಿಷ್, ತೌಲನಿಕ ಸಾಹಿತ್ಯ ಅಥವಾ ಜಾನಪದ ವಿಭಾಗಗಳು ಇದನ್ನು ನಡೆಸುತ್ತವೆ. ಸಾಹಿತ್ಯದ ವಿದ್ಯಾರ್ಥಿಗಳಷ್ಟೇ ಅಲ್ಲದೆ ವಿಜ್ಞಾನ, ಎಂಜಿನಿಯರಿಂಗ್ ಓದುವವರೂ ಐಚ್ಛಿಕ ವಿಷಯವಾಗಿ ಇದನ್ನು ಆಯ್ದುಕೊಳ್ಳುವುದುಂಟು. ಬಾಲ್ಯದಲ್ಲಿ ಕೇಳಿದ ಕಥೆಗಳು, ಹೇಗೋ ಪಾಸಾಗಬಹುದು ಎಂಬ ಲೆಕ್ಕಾಚಾರ ಅದರ ಹಿಂದೆ ಇರುವುದೂ ಸುಳ್ಳಲ್ಲ. ಮೊದಲ ಪ್ರಬಂಧ ಬರೆಯಲು ಕುಳಿತಾಗ ಈ ಲೆಕ್ಕ ತಪ್ಪುತ್ತದೆ. ಪರಿಚಿತ ಕಥೆಯನ್ನು ಕುರಿತು ಬರೆಯುವುದು ಅಪರಿಚಿತ ಕಥೆಯನ್ನು ಕುರಿತು ಬರೆಯುವುದಕ್ಕಿಂತ ಕಠಿಣ. ತಲೆಯಲ್ಲಿರುವ ಕಥೆ ಒಂದು, ಮುಂದಿರುವ ಪಠ್ಯ ಇನ್ನೊಂದು. ವಿದ್ಯಾರ್ಥಿ ಬರೆಯುವುದು ಸಾಮಾನ್ಯವಾಗಿ ಮೊದಲನೆಯದನ್ನು ಕುರಿತು. ಅದು ಬಹುಪಾಲು ವಾಲ್ಟ್ ಡಿಸ್ನಿ ಸಂಸ್ಥೆ 1937ರಲ್ಲಿ ಮತ್ತು 1950ರಲ್ಲಿ ತೆರೆಗೆ ತಂದ ಸ್ನೋವೈಟ್ ಮತ್ತು ಸಿಂಡ್ರೆಲಾ ಆಗಿರುತ್ತದೆ.

ಹೆಸರಿನ ಗೊಂದಲವೂ ಸಣ್ಣದಲ್ಲ. ಕಿನ್ನರಿಯರ ಕಥೆ ಎಂಬ ಹೆಸರು 1690ರ ದಶಕದ ಪ್ಯಾರಿಸ್‌ನಲ್ಲಿ ಮದಾಮ್ ದೋಲ್ನುವಾ ಅವರ ಸಂಕಲನದ ಮೂಲಕ ಚಾಲ್ತಿಗೆ ಬಂದಿತು. ಆದರೆ ಈ ಹೆಸರಿನ ಅಡಿಯಲ್ಲಿ ಬರುವ ಎಷ್ಟೋ ಕಥೆಗಳಲ್ಲಿ ಕಿನ್ನರಿಯರ ಸುಳಿವೇ ಇರುವುದಿಲ್ಲ. ಕನ್ನಡದಲ್ಲಿ ಜನರಾಡುವ ಮಾತು ಅಜ್ಜಿ ಕಥೆ, ಅಡಗೂಲಜ್ಜಿ ಕಥೆ.

ಗ್ರಿಮ್ ಪುಸ್ತಕದ ಏಳು ರೂಪಗಳು

ಇಂತಹ ಪಠ್ಯಕ್ರಮಗಳ ಬೆನ್ನೆಲುಬು ಯಾಕೋಬ್ ಮತ್ತು ವಿಲ್‌ಹೆಲ್ಮ್ ಗ್ರಿಮ್ ಅವರ ಸಂಗ್ರಹ. ಮೊದಲ ಸಂಪುಟ 1812ರಲ್ಲಿ 86 ಕಥೆಗಳೊಂದಿಗೆ ಹೊರಬಂದಿತು, ಎರಡನೆಯದು 1815ರಲ್ಲಿ. ಅಲ್ಲಿಂದ 1857ರವರೆಗೆ ಏಳು ಆವೃತ್ತಿಗಳು ಬಂದವು. ಆವೃತ್ತಿಯಿಂದ ಆವೃತ್ತಿಗೆ ಕಥೆಗಳು ಸೇರಿದವು, ಕಳಚಿದವು. ಉಳಿದ ಕಥೆಗಳೂ ಮುಖ್ಯವಾಗಿ ವಿಲ್‌ಹೆಲ್ಮ್ ಅವರ ಕೈಯಲ್ಲಿ ತಿದ್ದುಪಡಿಗೊಳ್ಳುತ್ತಲೇ ಹೋದವು.

1812ರ ಸ್ನೋವೈಟ್ ಕಥೆಯಲ್ಲಿ ಮಗಳನ್ನು ಕೊಲ್ಲಿಸಲು ಹೊರಡುವ ರಾಣಿ ಹೆತ್ತ ತಾಯಿಯೇ. 1819ರ ಎರಡನೆಯ ಆವೃತ್ತಿಯಲ್ಲಿ ತಾಯಿ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ, ಅವಳ ಜಾಗಕ್ಕೆ ಮಲತಾಯಿ ಬರುತ್ತಾಳೆ. ಹಾನ್ಸೆಲ್ ಮತ್ತು ಗ್ರೆಟೆಲ್ ಕಥೆಯಲ್ಲಿ ಮಕ್ಕಳನ್ನು ಕಾಡಿಗೆ ಅಟ್ಟುವ ತಾಯಿ ಮಲತಾಯಿಯಾದದ್ದು 1840ರ ಆವೃತ್ತಿಯಲ್ಲಿ. ಗೋಪುರದಲ್ಲಿ ಸೆರೆಯಾದ ರಾಪುಂಜೆಲ್ ಮೊದಲ ಆವೃತ್ತಿಯಲ್ಲಿ ತನ್ನ ಬಟ್ಟೆ ಏಕೆ ಬಿಗಿಯಾಗುತ್ತಿದೆ ಎಂದು ಮುಗ್ಧವಾಗಿ ಕೇಳಿ ಸಿಕ್ಕಿಬೀಳುತ್ತಾಳೆ. ಗರ್ಭಿಣಿಯೆಂಬುದು ಓದುಗನಿಗೆ ತಿಳಿಯುತ್ತದೆ. ಮುಂದೆ ಈ ಮಾತು ಹೋಗಿ, ಮಾಟಗಾತಿಯನ್ನು ಮೇಲಕ್ಕೆಳೆಯುವುದು ರಾಜಕುಮಾರನನ್ನು ಎಳೆಯುವುದಕ್ಕಿಂತ ಭಾರ ಏಕೆ ಎಂಬ ಪೆದ್ದು ಪ್ರಶ್ನೆ ಆ ಜಾಗಕ್ಕೆ ಬಂದಿತು. ಕಾಮದ ಸೂಚನೆಗಳು ಹೀಗೆ ಅಳಿಸಿಹೋದರೂ ಹಿಂಸೆ ಅಳಿಯಲಿಲ್ಲ. ಸಿಂಡ್ರೆಲಾಳ ಮಲಸಹೋದರಿಯರ ಕಣ್ಣುಗಳನ್ನು ಪಾರಿವಾಳಗಳು ಕುಕ್ಕುವ ಅಂತ್ಯ 1812ರಲ್ಲಿ ಇರಲಿಲ್ಲ, ನಂತರ ಸೇರಿದ್ದು. ಮಕ್ಕಳಿಗಾಗಿ ‘ಶುದ್ಧ’ಗೊಳಿಸುವುದೆಂದರೆ ಆ ಕಾಲಕ್ಕೆ ಏನರ್ಥ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು.

ಆದ್ದರಿಂದ ‘ಗ್ರಿಮ್ ಕಥೆಗಳಲ್ಲಿ ಮಲತಾಯಿಯ ಪಾತ್ರ’ ಎಂಬ ಪ್ರಬಂಧ ಯಾವ ವರ್ಷದ ಗ್ರಿಮ್ ಎಂದು ಹೇಳದಿದ್ದರೆ ಮೊದಲ ಪುಟದಲ್ಲಿಯೇ ಕುಸಿಯುತ್ತದೆ. ‘ಸ್ನೋವೈಟ್ ಕಥೆ ಅಸೂಯೆ ಕೆಟ್ಟದ್ದೆಂದು ತಿಳಿಸುತ್ತದೆ’ ಎಂಬ ವಾಕ್ಯವನ್ನು ಯಾರೂ ಅಲ್ಲಗಳೆಯಲಾರರು. ಅದಕ್ಕಾಗಿಯೇ ಅದು ಪ್ರಬಂಧದ ವಾದವಾಗಲಾರದು. ಹೆತ್ತ ತಾಯಿಯನ್ನು ಮಲತಾಯಿಯನ್ನಾಗಿ ಮಾಡಿದ್ದರಿಂದ ಅಸೂಯೆಯ ಅರ್ಥವೇ ಬದಲಾಯಿತೆಂಬುದು ವಾದ. ಅದನ್ನು ಎರಡು ಆವೃತ್ತಿಗಳ ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕಾಗುತ್ತದೆ. ಜರ್ಮನ್ ಬಾರದವರಿಗೆ ಇದು ಬಹುಕಾಲ ಕಷ್ಟವಾಗಿತ್ತು. ಜ್ಯಾಕ್ ಝೈಪ್ಸ್ ಮೊದಲ ಆವೃತ್ತಿಯನ್ನು ಸಂಪೂರ್ಣವಾಗಿ ಇಂಗ್ಲಿಷಿಗೆ ತಂದದ್ದು 2014ರಲ್ಲಿ.

ಈ ಕಥೆಗಳನ್ನು ರೈತಾಪಿ ಜನರ ಬಾಯಿಂದ ಸೋದರರು ಹಳ್ಳಿ ಹಳ್ಳಿ ತಿರುಗಿ ಬರೆದುಕೊಂಡರೆಂಬ ನಂಬಿಕೆಯೂ ಪ್ರಬಂಧಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ. ವಾಸ್ತವದಲ್ಲಿ ಮುಖ್ಯ ವಕ್ತೃಗಳಲ್ಲಿ ಹಲವರು ಕಾಸೆಲ್ ಪಟ್ಟಣದ ಸುಶಿಕ್ಷಿತ ಕುಟುಂಬಗಳ ಯುವತಿಯರು. ಹಾಸೆನ್‌ಫ್ಲುಗ್ ಮನೆಯವರಿಗೆ ಫ್ರೆಂಚ್ ಹ್ಯೂಗೆನೋ ಹಿನ್ನೆಲೆಯಿತ್ತು. ವಿಲ್ಡ್ ಮನೆಯ ಡೋರ್ಟ್‌ಶೆನ್ 1825ರಲ್ಲಿ ವಿಲ್‌ಹೆಲ್ಮ್ ಅವರನ್ನೇ ವಿವಾಹವಾದರು. ಮುದಿ ಸೇವಕಿ ಮೇರಿ ಎಂದು ಬಹುಕಾಲ ಭಾವಿಸಲಾಗಿದ್ದ ವಕ್ತೃ ವಾಸ್ತವವಾಗಿ ಮೇರಿ ಹಾಸೆನ್‌ಫ್ಲುಗ್ ಎಂಬ ತರುಣಿಯೆಂದು ವಿದ್ವಾಂಸ ಹೈನ್ಸ್ ರೋಲೆಕೆ 1970ರ ದಶಕದಲ್ಲಿ ತೋರಿಸಿಕೊಟ್ಟರು. ಜರ್ಮನಿಯ ಮಣ್ಣಿನ ಕಥೆಗಳೆಂದು ಮೆರೆದವುಗಳಲ್ಲಿ ಕೆಲವು ಪೆರೋ ಪುಸ್ತಕದಿಂದ ಮನೆಮಾತಿಗೆ ಇಳಿದು ಬಂದಿರಬಹುದೆಂಬ ಅನುಮಾನ ಇದರಿಂದ ಬಲವಾಯಿತು.

ಪಠ್ಯಕ್ರಮದಲ್ಲಿ ಮುಜುಗರದ ಕಥೆಗಳೂ ಇವೆ. 1857ರ ಆವೃತ್ತಿಯಲ್ಲಿ 110ನೆಯದಾದ ‘ಮುಳ್ಳುಪೊದೆಯಲ್ಲಿ ಯಹೂದಿ’ ಕಥೆಯಲ್ಲಿ ಯಹೂದಿಯೊಬ್ಬನನ್ನು ಮುಳ್ಳಿನಲ್ಲಿ ಕುಣಿಸಿ, ಕೊನೆಗೆ ಗಲ್ಲಿಗೇರಿಸಲಾಗುತ್ತದೆ. ಮಕ್ಕಳ ಪುಸ್ತಕಗಳು ಇದನ್ನು ಕೈಬಿಟ್ಟಿವೆ. ಕಾಲೇಜು ತರಗತಿ ಹಾಗೆ ಕೈಬಿಡುವಂತಿಲ್ಲ.

ಕೆಂಪು ಟೋಪಿಯ ಪಾಠ

ಯಾವ ಪಠ್ಯ ಎಂದು ನೋಡದೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ವಿದ್ಯಾರ್ಥಿಗಳಷ್ಟೇ ಉದಾಹರಣೆಯಲ್ಲ. ಮನೋವಿಶ್ಲೇಷಕ ಎರಿಕ್ ಫ್ರೋಮ್ 1951ರ ತಮ್ಮ ಗ್ರಂಥದಲ್ಲಿ ಕೆಂಪು ಟೋಪಿಯ ಹುಡುಗಿಯ ಕಥೆಯನ್ನು ಬಿಡಿಸಿದರು. ಟೋಪಿಯ ಕೆಂಪು ಋತುಸ್ರಾವದ ಸಂಕೇತ, ಸೀಸೆ ಒಡೆಯದಂತೆ ಜಾಗ್ರತೆ ವಹಿಸೆಂಬ ತಾಯಿಯ ಮಾತು ಕನ್ಯತ್ವದ ಕುರಿತ ಎಚ್ಚರಿಕೆ, ತೋಳದ ಹೊಟ್ಟೆಗೆ ತುಂಬಿದ ಕಲ್ಲುಗಳು ಬಂಜೆತನದ ಗುರುತು ಎಂಬುದು ಅವರ ವಿವರಣೆ. ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ 1984ರಲ್ಲಿ ಇದಕ್ಕೆ ಸರಳ ಆಕ್ಷೇಪ ಎತ್ತಿದರು: ಫ್ರಾನ್ಸಿನ ರೈತರು ಹೇಳುತ್ತಿದ್ದ ಕಥೆಯಲ್ಲಿ ಕೆಂಪು ಟೋಪಿಯೂ ಇಲ್ಲ, ಸೀಸೆಯ ಎಚ್ಚರಿಕೆಯೂ ಇಲ್ಲ, ಕಲ್ಲುಗಳೂ ಇಲ್ಲ. ಟೋಪಿ ಪೆರೋ ಸೇರಿಸಿದ್ದು. ಉಳಿದವು ಗ್ರಿಮ್ ಪಠ್ಯದವು. ಜನಪದ ಪಾಠಗಳಲ್ಲಿ ಬೇರೆಯೇ ಸಂಗತಿಗಳಿವೆ. ಸೂಜಿಯ ದಾರಿ ಹಿಡಿಯುತ್ತೀಯೋ ಗುಂಡುಸೂಜಿಯ ದಾರಿಯೋ ಎಂದು ತೋಳ ಕೇಳುತ್ತದೆ. ಹುಡುಗಿ ಅರಿಯದೆ ಅಜ್ಜಿಯ ಮಾಂಸ ತಿನ್ನುತ್ತಾಳೆ. ಕೊನೆಗೆ ಬಹಿರ್ದೆಸೆಯ ನೆಪ ಹೇಳಿ, ಕಾಲಿಗೆ ಕಟ್ಟಿದ ಹಗ್ಗವನ್ನು ಮರಕ್ಕೆ ಬಿಗಿದು ತಾನೇ ಪಾರಾಗುತ್ತಾಳೆ. ಬೇಟೆಗಾರನ ನೆರವು ಅವಳಿಗೆ ಬೇಕಿಲ್ಲ.

ಮನೋವಿಶ್ಲೇಷಣೆಯ ಮಾರ್ಗದಲ್ಲಿ ಹೆಚ್ಚು ಓದಿಸಿಕೊಂಡದ್ದು ಬ್ರೂನೋ ಬೆಟಲ್‌ಹೈಮ್ ಅವರ 1976ರ ಪುಸ್ತಕ. ಮಗುವಿನ ಒಳಗಿನ ಭಯಗಳಿಗೆ ಕಥೆ ರೂಪ ಕೊಟ್ಟು ಸಮಾಧಾನ ನೀಡುತ್ತದೆ ಎಂಬುದು ಅದರ ತಿರುಳು. ವಿದ್ಯಾರ್ಥಿಗಳು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. ಆದರೆ ಜಾನಪದ ವಿದ್ವಾಂಸ ಅಲನ್ ಡಂಡೆಸ್ 1991ರಲ್ಲಿ ಬರೆದ ಲೇಖನವನ್ನೂ ಜೊತೆಗಿಟ್ಟು ಓದಬೇಕಾಗುತ್ತದೆ. ಜೂಲಿಯಸ್ ಹಾಯ್ಷರ್ ಅವರ 1963ರ ಗ್ರಂಥದಿಂದ ಬೆಟಲ್‌ಹೈಮ್ ಋಣ ಹೇಳದೆ ಎತ್ತಿಕೊಂಡಿದ್ದಾರೆಂದು ಡಂಡೆಸ್ ಸಾಲುಸಾಲಾಗಿ ತೋರಿಸಿದ್ದರು. ಕೃತಿಚೌರ್ಯದ ಬಗ್ಗೆ ಎಚ್ಚರಿಸಲು ಅಧ್ಯಾಪಕರಿಗೆ ಈ ವಿಷಯದೊಳಗೇ ಸಿಗುವ ಉದಾಹರಣೆ ಇದು.

ಸ್ತ್ರೀವಾದಿ ವಿಮರ್ಶೆಯಲ್ಲಿಯೂ ಜಗಳ ಆರಂಭವಾದದ್ದು ಯಾವ ಕಥೆ ಎಂಬಲ್ಲಿಯೇ. ಕಿನ್ನರ ಕಥೆಗಳಲ್ಲಿ ಧೀರ ಹೆಣ್ಣುಗಳಿದ್ದಾರೆಂದು ಅಲಿಸನ್ ಲೂರಿ 1970ರಲ್ಲಿ ಬರೆದರು. ಆ ಕಥೆಗಳನ್ನು ಓದಿದವರು ಎಷ್ಟು ಮಂದಿ, ಹುಡುಗಿಯರ ಮನಸ್ಸನ್ನು ರೂಪಿಸುವುದು ಸುಂದರಿಯಾಗಿ ಸುಮ್ಮನೆ ಕಾಯುವ ಸಿಂಡ್ರೆಲಾ, ಸ್ನೋವೈಟ್ ಮೊದಲಾದ ಹತ್ತಾರು ಪ್ರಸಿದ್ಧ ಕಥೆಗಳೇ ಎಂದು ಮಾರ್ಸಿಯಾ ಲೀಬರ್‌ಮನ್ 1972ರಲ್ಲಿ ಉತ್ತರಿಸಿದರು. ಇಬ್ಬರ ಮಾತೂ ತಮ್ಮ ತಮ್ಮ ಪಟ್ಟಿಗೆ ನಿಜ. ಒಳ್ಳೆಯ ಪ್ರಬಂಧ ಆ ಪಟ್ಟಿಗಳನ್ನು ಯಾರು ಮಾಡಿದರು ಎಂದು ಕೇಳುತ್ತದೆ.

ಸಂಖ್ಯೆಗಳು, ಸೂತ್ರಗಳು

ಕಥೆಗಳನ್ನು ಹೋಲಿಸಲು ವಿದ್ಯಾರ್ಥಿಗೆ ಎರಡು ಉಪಕರಣಗಳನ್ನು ಕಲಿಸಲಾಗುತ್ತದೆ. ಒಂದು, ಫಿನ್‌ಲೆಂಡ್‌ನ ಆಂಟಿ ಆರ್ನೆ 1910ರಲ್ಲಿ ಆರಂಭಿಸಿ, ಸ್ಟಿತ್ ಥಾಮ್ಸನ್ 1928 ಮತ್ತು 1961ರಲ್ಲಿ ವಿಸ್ತರಿಸಿ, ಹಾನ್ಸ್-ಯೋರ್ಗ್ ಊಟರ್ 2004ರಲ್ಲಿ ಪರಿಷ್ಕರಿಸಿದ ವರ್ಗಸೂಚಿ. ಇದರಲ್ಲಿ ಸಿಂಡ್ರೆಲಾ 510, ಕೆಂಪು ಟೋಪಿಯ ಹುಡುಗಿ 333. ಇನ್ನೊಂದು, ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಮಂಡಿಸಿದ, ಕಥೆಯ ನಡೆಯನ್ನು 31 ಕ್ರಿಯೆಗಳಲ್ಲಿ ಹಿಡಿಯುವ ವಿಧಾನ. ಎರಡೂ ಉಪಯುಕ್ತ, ಎರಡೂ ಅಪಾಯಕಾರಿ. ಕಥೆಗೆ ಸಂಖ್ಯೆ ಹಚ್ಚಿದರೆ ಅಥವಾ ಕ್ರಿಯೆಗಳನ್ನು ಎಣಿಸಿದರೆ ಪ್ರಬಂಧ ಮುಗಿಯಿತೆಂಬ ಭ್ರಮೆಯನ್ನು ಇವು ಹುಟ್ಟಿಸುತ್ತವೆ.

ಈ ಭ್ರಮೆಯನ್ನು ಒಡೆಯಲು ಅತ್ಯುತ್ತಮ ನಿದರ್ಶನವೊಂದು ಕನ್ನಡದಿಂದಲೇ ಹೋಗಿದೆ. ಮೈಸೂರಿನಲ್ಲಿ ಹುಟ್ಟಿ, 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿ, ಬಳಿಕ ಷಿಕಾಗೊ ವಿಶ್ವವಿದ್ಯಾಲಯ ಸೇರಿದ ರಾಮಾನುಜನ್ ‘ಹಂಚಿ’ ಕಥೆಯನ್ನು ಇಂಗ್ಲಿಷಿನಲ್ಲಿ ವಿಶ್ಲೇಷಿಸಿದರು. ಸಿಂಡ್ರೆಲಾ ಕುರಿತ ಲೇಖನಗಳನ್ನು ಒಟ್ಟುಗೂಡಿಸಿ ಡಂಡೆಸ್ 1982ರಲ್ಲಿ ಹೊರತಂದ ಪುಸ್ತಕದಲ್ಲಿ ಅದು ಸೇರಿದೆ.

ಕಥೆಯ ಹುಡುಗಿಯ ಕೂದಲು ಹೊನ್ನಿನದು. ಅದನ್ನು ಕಂಡು ಒಡಹುಟ್ಟಿದವನೇ ಅವಳನ್ನು ಮದುವೆಯಾಗುವೆನೆಂದು ಹಟ ಹಿಡಿಯುತ್ತಾನೆ. ತಾಯಿ ಮಗಳಿಗೆ ಮಣ್ಣಿನ ಮುಖವಾಡ ಮಾಡಿಸಿ ಊರಿನಿಂದಾಚೆ ಕಳುಹಿಸುತ್ತಾಳೆ. ಮುಖಕ್ಕೆ ಹಂಚು ಧರಿಸಿದವಳು ಜನರ ಬಾಯಲ್ಲಿ ಹಂಚಿಯಾಗಿ, ಸಾಹುಕಾರನ ಮನೆಯಲ್ಲಿ ಅಡುಗೆ ಕೆಲಸಕ್ಕೆ ನಿಲ್ಲುತ್ತಾಳೆ. ಮನೆಯ ಕಿರಿಯ ಮಗ ಅವಳ ನಿಜರೂಪ ಕಂಡು ಕೈಹಿಡಿಯುತ್ತಾನೆ. ಪೆರೋ ಕಥೆ ನಿಲ್ಲುವುದು ಇಲ್ಲಿ. ಹಂಚಿಯ ಕಥೆ ನಿಲ್ಲುವುದಿಲ್ಲ. ಆ ಮನೆಯ ಗುರುಸ್ವಾಮಿ ಅವಳ ಮೇಲೆ ಕಣ್ಣು ಹಾಕುತ್ತಾನೆ. ಅವನ ಮಾಟ ಸಾಗದಿದ್ದಾಗ ಅಪವಾದ ಹೊರಿಸಿ ಪೆಟ್ಟಿಗೆಯೊಳಗೆ ಹಾಕಿಸುತ್ತಾನೆ. ಮುದುಕಿಯೊಬ್ಬಳು ಅವಳನ್ನು ಬಿಡಿಸಿ ಪೆಟ್ಟಿಗೆಗೆ ಹುಚ್ಚುನಾಯಿಗಳನ್ನು ತುಂಬುತ್ತಾಳೆ. ಗಂಡ ಕೊನೆಗೆ ಹೆಂಡತಿಯನ್ನು ಗುರುತಿಸುವುದು ಅವಳ ಕೈಯಡುಗೆಯ ರುಚಿಯಿಂದ.

ಸೂಚಿಯ ಪ್ರಕಾರ ಇದು 510 ಮತ್ತು ಕಪಟ ಸನ್ಯಾಸಿಯ ಕಥೆಯಾದ 896 ಕೂಡಿದ್ದು. ಎರಡು ಕಥೆ ಬೆರಕೆಯಾಗಿವೆ ಎಂದು ಬರೆದು ಮುಗಿಸುವ ವಿದ್ಯಾರ್ಥಿ ಮುಖ್ಯ ಸಂಗತಿಯನ್ನು ಕಳೆದುಕೊಳ್ಳುತ್ತಾನೆ. ಹೆಂಗಸರು ಹೇಳುವ, ಹೆಣ್ಣೇ ನಾಯಕಿಯಾದ ಕಥೆಗಳಲ್ಲಿ ಮದುವೆ ಅಂತ್ಯವಾಗಿರದೆ ಕಷ್ಟಗಳ ಆರಂಭವಾಗಿರುತ್ತದೆ ಎಂದು ರಾಮಾನುಜನ್ ಗಮನಿಸಿದ್ದರು. ಹಾಗೆ ನೋಡಿದಾಗ ಹಂಚಿಯ ಎರಡನೆಯ ಅರ್ಧ ಅಂಟಿಸಿದ ತುಂಡಾಗಿ ಉಳಿಯದೆ, ಹೇಳುವವಳ ಅನುಭವಕ್ಕೆ ಹತ್ತಿರದ ಭಾಗವಾಗುತ್ತದೆ. ಅವರ ನಿಧನಾನಂತರ 1997ರಲ್ಲಿ ಪ್ರಕಟವಾದ ಕನ್ನಡ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಇಂತಹ ಕಥೆಗಳು ಹಲವಿವೆ. ಹೂವಿನ ಮರವಾಗುವ ಹುಡುಗಿಯ ಕಥೆ ಗಿರೀಶ ಕಾರ್ನಾಡರ ‘ಚೆಲುವಿ’ ಚಲನಚಿತ್ರವಾಗಿ 1992ರಲ್ಲಿ ಬಂದಿತು. ಅಮೆರಿಕದ ಜಾನ್ ಆಡಮ್ಸ್ 2006ರಲ್ಲಿ ಅದನ್ನು ಸಂಗೀತ ನಾಟಕವಾಗಿಸಿದರು. ಕಾರ್ನಾಡರ 1988ರ ‘ನಾಗಮಂಡಲ’ದ ಹಿಂದೆಯೂ ಇರುವುದು ರಾಮಾನುಜನ್ ಅವರಿಂದ ಕೇಳಿದ ಕಥೆಗಳೇ.

ಕರ್ನಾಟಕದಲ್ಲಿ ಈ ಅಧ್ಯಯನ ಹೆಚ್ಚಾಗಿ ಜಾನಪದ ಮತ್ತು ಕನ್ನಡ ವಿಭಾಗಗಳ ಮೂಲಕ ನಡೆದಿದೆ. ಹಾವೇರಿ ಜಿಲ್ಲೆಯ ಗೋಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯ 2011ರಲ್ಲಿ ಸ್ಥಾಪನೆಯಾಯಿತು. ಇಲ್ಲಿನ ವಿದ್ಯಾರ್ಥಿಗೆ ಪಾಶ್ಚಾತ್ಯ ಸಹಪಾಠಿಗಿಲ್ಲದ ಅನುಕೂಲವೊಂದಿದೆ: ಕಥೆ ಹೇಳುವವರು ಇನ್ನೂ ಮನೆಯಲ್ಲಿಯೇ, ಊರಿನಲ್ಲಿಯೇ ಸಿಗಬಹುದು. ಹಾಗೆ ಸಿಕ್ಕಾಗ ಜಾನಪದ ಅಧ್ಯಯನ ಅಪೇಕ್ಷಿಸುವುದು ವಕ್ತೃವಿನ ಹೆಸರು, ವಯಸ್ಸು, ಊರು, ಹೇಳಿದ ದಿನಾಂಕ, ಆಗ ಸುತ್ತ ಯಾರಿದ್ದರು ಎಂಬ ವಿವರ, ಮತ್ತು ಆಡುಮಾತನ್ನು ತಿದ್ದದೆ ಬರೆದ ಪಾಠ. ಗ್ರಿಮ್ ಸಹೋದರರು ತಮ್ಮ ವಕ್ತೃಗಳಲ್ಲಿ ಓದುಗರೆದುರು ಪ್ರಮುಖವಾಗಿ ಪರಿಚಯಿಸಿದ್ದು ಡೊರೊಥಿಯಾ ಫೀಮನ್ ಎಂಬ ಒಬ್ಬಾಕೆಯನ್ನು. ಅಸಲಿ ರೈತ ಮಹಿಳೆ ಎಂದು ಅವರು ಹೊಗಳಿದ ಆಕೆ ದರ್ಜಿಯೊಬ್ಬನ ಹೆಂಡತಿ, ಹ್ಯೂಗೆನೋ ಮೂಲದ ಛತ್ರದ ಮಾಲೀಕನೊಬ್ಬನ ಮಗಳು. 1819ರ ಆವೃತ್ತಿಯಲ್ಲಿ ಆಕೆಯ ಚಿತ್ರವೂ ಅಚ್ಚಾಗಿದೆ.