ಪಹಣಿಯ ದಾಖಲೆ, ಬ್ಲಾಕಿನ ಸರದಿ

ನ್ಯಾಮತಿ ಸೀಮೆಯ ಅಡಿಕೆ ತೋಟ ಇದ್ದಲ್ಲೇ ಇದೆ. ಅದರ ಸರ್ಕಾರಿ ವಿಳಾಸ ಮಾತ್ರ ಮೂವತ್ತು ವರ್ಷಗಳೊಳಗೆ ಎರಡು ಸಲ ಬದಲಾಗಿದೆ. 1997ರ ಆಗಸ್ಟ್‌ವರೆಗೆ ಅದು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. ಆ ತಿಂಗಳು ದಾವಣಗೆರೆ ಜಿಲ್ಲೆ ಹುಟ್ಟಿತು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಅದಕ್ಕೆ ಸೇರಿದವು. 2018ರಲ್ಲಿ ನ್ಯಾಮತಿಯೇ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಇಂಥ ಜಮೀನಿನ ಪಹಣಿಯನ್ನು ಬ್ಲಾಕ್‌ಚೈನ್‌ಗೆ ಹಾಕಿಬಿಟ್ಟರೆ ಯಾರೂ ತಿದ್ದಲಾಗದು, ತಕರಾರೇ ಇರದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಲ್ಲಿ ದಾಖಲೆ ಎಲ್ಲಿ ಕೂರುತ್ತದೆ, ಎಷ್ಟು ಖರ್ಚಾಗುತ್ತದೆ, ಒಂದೇ ಹೊತ್ತಿಗೆ ಬಂದ ಎರಡು ಅರ್ಜಿಗಳಲ್ಲಿ ಯಾವುದು ಮೊದಲು ಎಂದು ಯಾರು ನಿರ್ಧರಿಸುತ್ತಾರೆ ಎಂದು ಕೇಳಿದರೆ ಚಿತ್ರ ಬೇರೆಯೇ ಕಾಣುತ್ತದೆ.

ಒಪ್ಪಂದವೆಂಬ ಪ್ರೋಗ್ರಾಂ

ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದರೆ ಬ್ಲಾಕ್‌ಚೈನ್ ಮೇಲೆ ಕೂತಿರುವ ಪ್ರೋಗ್ರಾಂ. 2015ರ ಜುಲೈ 30ರಂದು ಶುರುವಾದ ಈಥೀರಿಯಂ ಅದನ್ನು ಬಳಕೆಗೆ ತಂದಿತು. ಯಾರೋ ಸಹಿ ಹಾಕಿದ ವಹಿವಾಟು ಕಳಿಸುತ್ತಾರೆ. ಜಾಲದ ಪ್ರತಿ ಕಂಪ್ಯೂಟರೂ ಅದೇ ಕೋಡನ್ನು ಅದೇ ಕ್ರಮದಲ್ಲಿ ನಡೆಸಿ ಒಂದೇ ಉತ್ತರಕ್ಕೆ ಬರುತ್ತದೆ. ಕ್ರಮ ಒಂದೇ ಆಗಿರಲೇಬೇಕು, ಇಲ್ಲವಾದರೆ ಒಬ್ಬೊಬ್ಬರ ಲೆಕ್ಕ ಒಂದೊಂದಾಗುತ್ತದೆ.

ಸ್ಲಾಟುಗಳ ಲೆಕ್ಕ

ಈಥೀರಿಯಂನಲ್ಲಿ ಪ್ರತಿ ಒಪ್ಪಂದಕ್ಕೂ ತನ್ನದೇ ಶಾಶ್ವತ ಸಂಗ್ರಹವಿದೆ. ಅದು 32 ಬೈಟ್ ಹಿಡಿಯುವ ಸ್ಲಾಟುಗಳ ಸಾಲು. ಸ್ಲಾಟುಗಳ ಸಂಖ್ಯೆ 2ರ ಘಾತ 256, ಅಂದರೆ ಮುಗಿಯದಷ್ಟು. ಜಾಗಕ್ಕೆ ಬರವಿಲ್ಲ, ಬರವಿರುವುದು ದುಡ್ಡಿಗೆ. ಪ್ರತಿ ಕೆಲಸಕ್ಕೂ ಗ್ಯಾಸ್ ಎಂಬ ಅಳತೆಯಲ್ಲಿ ಶುಲ್ಕ ಕಟ್ಟಬೇಕು. ಒಬ್ಬರಿಂದ ಒಬ್ಬರಿಗೆ ಈಥರ್, ಅಂದರೆ ಈ ಜಾಲದ ನಾಣ್ಯ, ಕಳಿಸಲು 21,000 ಗ್ಯಾಸ್ ಸಾಕು. ಖಾಲಿ ಸ್ಲಾಟಿನಲ್ಲಿ ಹೊಸದಾಗಿ ಒಂದು ಮೌಲ್ಯ ಬರೆಯಲು, ಜಾಲದಲ್ಲಿ 2021ರಲ್ಲಾದ ‘ಬರ್ಲಿನ್’ ಎಂಬ ಬದಲಾವಣೆಯ ನಂತರದ ದರದಲ್ಲಿ, 22,100. ಇರುವ ಮೌಲ್ಯವನ್ನು ಬದಲಿಸಲು 5,000. ಮೊದಲ ಸಲ ಓದಲು 2,100. ಅದೇ ವಹಿವಾಟಿನಲ್ಲಿ ಮತ್ತೆ ಓದಲು ಬರೀ 100. ಬೇಡವಾದ ಸ್ಲಾಟನ್ನು ಸೊನ್ನೆ ಮಾಡಿದರೆ ಸ್ವಲ್ಪ ವಾಪಸ್ ಸಿಗುತ್ತದೆ. ಮೊದಲು ಈ ವಾಪಸಾತಿ ಧಾರಾಳವಾಗಿತ್ತು, ಜನ ಅದನ್ನೇ ದಂಧೆ ಮಾಡಿಕೊಂಡರು. 2021ರ ಆಗಸ್ಟ್‌ನಲ್ಲಿ ಖರ್ಚಾದ ಗ್ಯಾಸಿನ ಐದನೇ ಒಂದು ಭಾಗಕ್ಕೆ ಅದನ್ನು ಮಿತಿಗೊಳಿಸಲಾಯಿತು.

ಈ ದರದಲ್ಲಿ ಒಂದು ಕ್ರಯಪತ್ರದ ಸ್ಕ್ಯಾನ್ ಪ್ರತಿ, 1 ಎಂಬಿ ಗಾತ್ರದ್ದು, ಒಪ್ಪಂದದ ಒಳಗೇ ಇಡಬೇಕೆಂದರೆ 32,768 ಸ್ಲಾಟು ಬೇಕು, ಸುಮಾರು 72 ಕೋಟಿ ಗ್ಯಾಸ್. 2025ರ ಆರಂಭದವರೆಗೂ ಒಂದು ಬ್ಲಾಕಿನ, ಅಂದರೆ ಒಟ್ಟಿಗೆ ದಾಖಲಾಗುವ ವಹಿವಾಟುಗಳ ಒಂದು ಕಂತಿನ, ಒಟ್ಟು ಮಿತಿಯೇ 3 ಕೋಟಿ ಇತ್ತು. ಒಂದು ಪತ್ರಕ್ಕಾಗಿ ಜಗತ್ತಿನ ಉಳಿದೆಲ್ಲ ವಹಿವಾಟು ನಿಲ್ಲಿಸಿ 24 ಬ್ಲಾಕು ತುಂಬಿಸಬೇಕಿತ್ತು! ಹಾಗಾಗಿ ಪತ್ರ ಹೊರಗಿನ ಸರ್ವರಿನಲ್ಲಿ ಉಳಿಯುತ್ತದೆ. ಅದರ ಹ್ಯಾಶ್, ಅಂದರೆ ಕಡತದ ಒಂದು ಅಕ್ಷರ ಬದಲಾದರೂ ಬದಲಾಗುವ 32 ಬೈಟಿನ ಗುರುತು, ಸರಪಳಿಗೆ ಹೋಗುತ್ತದೆ. ಅದು ಸರಿಯಾಗಿ ಒಂದೇ ಸ್ಲಾಟು. ಹ್ಯಾಶ್ ಇದ್ದು ಮೂಲ ಕಡತ ಕಳೆದರೆ ಏನೂ ಉಳಿಯಲಿಲ್ಲ ಎಂದೇ ಅರ್ಥ. ಸರಪಳಿ ತಿದ್ದುಪಡಿಯನ್ನು ಹಿಡಿದುಕೊಡುತ್ತದೆ, ಕಡತವನ್ನು ಕಾಯುವುದಿಲ್ಲ. ದಾಖಲೆ ಕೊಠಡಿಯ ಕೆಲಸ ಹಾಗೇ ಉಳಿಯಿತು.

ಸ್ಲಾಟನ್ನು ಪೂರ್ತಿ ಬಳಸುವುದೂ ಒಂದು ಜಾಣತನ. ಪಹಣಿಯಲ್ಲಿ ವಿಸ್ತೀರ್ಣ ಎಕರೆ, ಗುಂಟೆ, ಆಣೆಗಳಲ್ಲಿರುತ್ತದೆ. ಒಪ್ಪಂದ ಬರೆಯುವ ಸಾಲಿಡಿಟಿ ಭಾಷೆಯಲ್ಲಿ ದಶಮಾಂಶದ ಲೆಕ್ಕ ನಡೆಯುವುದಿಲ್ಲ. ನಡೆಯದಿದ್ದುದೇ ಒಳ್ಳೆಯದಾಯಿತು, ಏಕೆಂದರೆ ನಮ್ಮ ಹಳೆಯ ಅಳತೆ ಪೂರ್ಣಾಂಕಕ್ಕೆ ಹೇಳಿ ಮಾಡಿಸಿದಂತಿದೆ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಎಕರೆಗೆ 640 ಆಣೆ. 2 ಎಕರೆ 15 ಗುಂಟೆ 8 ಆಣೆ ಎಂದರೆ 1,528 ಎಂಬ ಒಂದೇ ಸಂಖ್ಯೆ. ಅದನ್ನು 4 ಬೈಟಿಗೆ, ದಿನಾಂಕವನ್ನು 5 ಬೈಟಿಗೆ, ಮಾಲೀಕರ 20 ಬೈಟಿನ ಖಾತೆ ವಿಳಾಸವನ್ನು ಪಕ್ಕಕ್ಕೆ ಇಟ್ಟರೆ 29 ಬೈಟು. ಒಂದೇ ಸ್ಲಾಟಿನಲ್ಲಿ ಎಲ್ಲ ಕೂತು ಇನ್ನೂ ಮೂರು ಬೈಟು ಉಳಿಯುತ್ತದೆ.

ಕೊನೆಯಿಲ್ಲದೆ ಬೆಳೆಯುವ ಪಟ್ಟಿ ಇನ್ನೊಂದು ಅಪಾಯ. ಹೋಬಳಿಯ ಎಲ್ಲ ಹಿಡುವಳಿದಾರರನ್ನು ಒಂದೇ ಪಟ್ಟಿಯಲ್ಲಿಟ್ಟು ಪ್ರತಿ ಸಲ ಮೊದಲಿಂದ ಕೊನೆವರೆಗೆ ಓದುವ ಕೋಡು ಬರೆದರೆ, ಪಟ್ಟಿ ಬೆಳೆದಂತೆ ಗ್ಯಾಸ್ ಬ್ಲಾಕಿನ ಮಿತಿ ದಾಟಿ ಒಪ್ಪಂದ ನಿಂತೇಹೋಗುತ್ತದೆ. 2016ರಲ್ಲಿ ಗವರ್ನ್‌ಮೆಂಟಲ್ ಎಂಬ ಜೂಜಿನ ಒಪ್ಪಂದದಲ್ಲಿ ಸುಮಾರು 1,100 ಈಥರ್ ಸಿಕ್ಕಿಹಾಕಿಕೊಂಡದ್ದು ಹೀಗೆಯೇ: ಗೆದ್ದವರಿಗೆ ಹಣ ಕೊಡುವ ವಹಿವಾಟಿನಲ್ಲೇ ಉದ್ದದ ಪಟ್ಟಿಯನ್ನೂ ಅಳಿಸಬೇಕಿತ್ತು, ಅಳಿಸಲು ಬೇಕಾದ ಗ್ಯಾಸ್ ಒಂದು ಬ್ಲಾಕಿಗೆ ಹಿಡಿಯುತ್ತಿರಲಿಲ್ಲ. ಇತಿಹಾಸ ಮಾತ್ರ ಬೇಕಾದಲ್ಲಿ ಈವೆಂಟ್ ಲಾಗ್ ಬಳಸುತ್ತಾರೆ. ಬೈಟಿಗೆ 8 ಗ್ಯಾಸ್, ಅಗ್ಗ. ಹೊರಗಿನವರು ಅದನ್ನು ಓದಬಹುದು, ಒಪ್ಪಂದ ತಾನೇ ಓದಲಾಗದು.

ತಾಲ್ಲೂಕಿನ ಹೆಸರು ಕೀ ಆಗಬಾರದು

ಒಂದು ಜಮೀನಿನ ದಾಖಲೆ ಯಾವ ಸ್ಲಾಟಿನಲ್ಲಿದೆ ಎಂದು ಒಪ್ಪಂದ ಹುಡುಕುವುದಿಲ್ಲ, ಲೆಕ್ಕ ಹಾಕುತ್ತದೆ. ದಾಖಲೆಯ ಕೀಯನ್ನು, ಅಂದರೆ ಅದನ್ನು ಗುರುತಿಸುವ ಹೆಸರನ್ನು, ಹ್ಯಾಶ್ ಮಾಡಿದಾಗ ಬರುವ ಸಂಖ್ಯೆಯೇ ಸ್ಲಾಟಿನ ವಿಳಾಸ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಲ್ಲ ಸೇರಿಸಿ ಕೀ ಮಾಡಿದ್ದೀರಿ ಎಂದುಕೊಳ್ಳಿ. 1997ರಲ್ಲಿ ‘ಶಿವಮೊಗ್ಗ’ ‘ದಾವಣಗೆರೆ’ ಆದ ಕ್ಷಣ ಹ್ಯಾಶ್ ಪೂರ್ತಿ ಬೇರೆ. ದಾಖಲೆ ಅಳಿದಿಲ್ಲ, ಹಳೆಯ ಸ್ಲಾಟಿನಲ್ಲೇ ಇದೆ. ಹೊಸ ಹೆಸರಿನಿಂದ ಹೋದವರಿಗೆ ಸಿಗುವುದು ಸೊನ್ನೆ. ಖಾಲಿ ಸ್ಲಾಟಿಗೂ ಸೊನ್ನೆ ಬರೆದ ಸ್ಲಾಟಿಗೂ ವ್ಯತ್ಯಾಸವಿಲ್ಲದ್ದರಿಂದ ‘ಈ ಜಮೀನಿಗೆ ಮಾಲೀಕರೇ ಇಲ್ಲ’ ಎಂದು ಕೋಡು ಧೈರ್ಯವಾಗಿ ಉತ್ತರ ಕೊಡುತ್ತದೆ. 2018ರಲ್ಲಿ ನ್ಯಾಮತಿಗೆ ಮತ್ತೊಮ್ಮೆ ಅದೇ ಕಥೆ. ಆಡಳಿತ ಬದಲಾಯಿಸದ ಗುರುತು ಬೇಕು. ಕೇಂದ್ರ ಸರ್ಕಾರ 2021ರಿಂದ ಜಾರಿಗೆ ತರುತ್ತಿರುವ ಭೂ ಆಧಾರ್, ಜಮೀನಿನ ಅಕ್ಷಾಂಶ ರೇಖಾಂಶದ ಮೇಲೆ ನಿಂತ, ಅಕ್ಷರ ಅಂಕಿ ಸೇರಿದ 14 ಸ್ಥಾನಗಳ ಗುರುತು, ಈ ಕೆಲಸಕ್ಕೆ ಒದಗುತ್ತದೆ. ತಾಲ್ಲೂಕಿನ ಹೆಸರು ದಾಖಲೆಯ ಒಳಗೆ ಒಂದು ವಿವರವಾಗಿದ್ದರೆ ಸಾಕು.

ಕೋಡನ್ನೇ ಬದಲಿಸುವಾಗಲೂ ಎಚ್ಚರ ಬೇಕು. ದಾಖಲೆಯನ್ನು ಒಂದು ಒಪ್ಪಂದದಲ್ಲಿ, ನಿಯಮಗಳನ್ನು ಇನ್ನೊಂದರಲ್ಲಿ ಇಟ್ಟು, ನಿಯಮದ ಕೋಡನ್ನು ಮಾತ್ರ ಬದಲಿಸುವ ಪದ್ಧತಿಗೆ ಪ್ರಾಕ್ಸಿ ಎನ್ನುತ್ತಾರೆ. ಹೊಸ ಕೋಡು ಹಳೆಯ ಕಾಲಂಗಳ ಕ್ರಮ ಮುರಿಯಬಾರದು, ಹೊಸದನ್ನು ಕೊನೆಗೆ ಸೇರಿಸಬೇಕು. ಸಂಗೀತದ ವೇದಿಕೆ ಆಡಿಯಸ್‌ನಲ್ಲಿ 2022ರ ಜುಲೈನಲ್ಲಿ ಎರಡು ಕೋಡುಗಳು ಒಂದೇ ಸ್ಲಾಟನ್ನು ಬೇರೆ ಬೇರೆ ಅರ್ಥದಲ್ಲಿ ಓದಿದವು. ದಾಳಿಕೋರ ಆ ಗೊಂದಲದ ಸಂದಿಯಲ್ಲಿ ನುಗ್ಗಿ 1.8 ಕೋಟಿಗೂ ಹೆಚ್ಚು ಟೋಕನ್ ಎತ್ತಿಕೊಂಡ.

ಗುಟ್ಟಿಗೆ ಜಾಗವಿಲ್ಲ

ಸಾಲಿಡಿಟಿಯಲ್ಲಿ ‘ಪ್ರೈವೇಟ್’ ಎಂದು ಬರೆದರೆ ಬೇರೆ ಒಪ್ಪಂದಗಳು ಮುಟ್ಟಲಾರವು, ಅಷ್ಟೇ. ಜಾಲದ ಯಾವ ಕಂಪ್ಯೂಟರಿನಿಂದಲಾದರೂ ಸ್ಲಾಟನ್ನು ನೇರ ಓದಬಹುದು. ಆಧಾರ್ ಸಂಖ್ಯೆಯನ್ನು ಹ್ಯಾಶ್ ಮಾಡಿ ಹಾಕಿದರೆ ಸುರಕ್ಷಿತ ಎನ್ನುವವರಿದ್ದಾರೆ. ಅದು 12 ಅಂಕಿ. ಎಲ್ಲ ಸಾಧ್ಯತೆಗಳನ್ನೂ ಹ್ಯಾಶ್ ಮಾಡಿ ತಾಳೆ ನೋಡುವುದು ಇಂದಿನ ಯಂತ್ರಗಳಿಗೆ ದೊಡ್ಡ ಕೆಲಸವಲ್ಲ. ಅಳಿಸಲಾಗದ ಜಾಗಕ್ಕೆ ವೈಯಕ್ತಿಕ ಮಾಹಿತಿಯನ್ನು ಒಯ್ಯದಿರುವುದೇ ಸರಿ.

ಸರದಿ ಯಾರ ಕೈಯಲ್ಲಿ

ಈ ವಿಷಯದಲ್ಲಿ ಕರ್ನಾಟಕಕ್ಕೆ ಬ್ಲಾಕ್‌ಚೈನ್‌ಗಿಂತ ಹಳೆಯ ಅನುಭವವಿದೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ಹಿಡುವಳಿದಾರರ ದಾಖಲೆಯನ್ನು ಕಂಪ್ಯೂಟರಿಗೆ ತಂದಿತು. 15 ರೂಪಾಯಿಗೆ ಪಹಣಿ ಸಿಕ್ಕಿದ್ದು ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಯಾರೂ ಹೆಚ್ಚು ಮಾತಾಡದ ಇನ್ನೊಂದು ನಿಯಮ: ಮ್ಯುಟೇಶನ್ ಅರ್ಜಿ ಬಂದ ಕ್ರಮದಲ್ಲೇ ವಿಲೇವಾರಿಯಾಗಬೇಕು. ಹಿಂದಿನ ಅರ್ಜಿಯನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳಲು ತಂತ್ರಾಂಶವೇ ಬಿಡುತ್ತಿರಲಿಲ್ಲ. ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಕಡತವನ್ನು ಮೇಲೆ ಕೆಳಗೆ ಮಾಡುವ ಅಧಿಕಾರ ಮೇಜಿನಿಂದ ಕೋಡಿಗೆ ಹೋಯಿತು.

ಸಾರ್ವಜನಿಕ ಬ್ಲಾಕ್‌ಚೈನ್‌ನಲ್ಲಿ ಈ ನಿಯಮ ಇಲ್ಲ. ಒಂದು ಖಾತೆಯಿಂದ ಹೋಗುವ ವಹಿವಾಟುಗಳಿಗೆ ನಾನ್ಸ್ ಎಂಬ ಕ್ರಮಸಂಖ್ಯೆಯಿದೆ. 7 ಮುಗಿಯದೆ 8 ನಡೆಯದು. ಬೇರೆ ಬೇರೆಯವರ ವಹಿವಾಟುಗಳ ನಡುವೆ ಅಂಥ ಕಟ್ಟಿಲ್ಲ. ಅವು ಮೊದಲು ಮೆಂಪೂಲ್ ಎಂಬ ಬಹಿರಂಗ ಕಾಯುವ ಜಾಗಕ್ಕೆ ಬೀಳುತ್ತವೆ. ಈಥೀರಿಯಂನಲ್ಲಿ 12 ಸೆಕೆಂಡಿಗೊಮ್ಮೆ ಬ್ಲಾಕು ಕಟ್ಟುವವರು ತಮಗೆ ಲಾಭವಾಗುವ ಕ್ರಮದಲ್ಲಿ ಅವನ್ನು ಜೋಡಿಸುತ್ತಾರೆ. ಹೆಚ್ಚು ಟಿಪ್ ಕೊಟ್ಟವರು ಮುಂದೆ. ತಾಲ್ಲೂಕು ಕಚೇರಿಯಲ್ಲಿ ಇದಕ್ಕೆ ಏನು ಹೇಳುತ್ತಾರೋ ಅದೇ, ಇಲ್ಲಿ ಮಾತ್ರ ರಸೀದಿ ಸಿಗುತ್ತದೆ.

ದೊಡ್ಡ ಖರೀದಿಯೊಂದು ಮೆಂಪೂಲಿನಲ್ಲಿ ಕಾಯುತ್ತಿರುವುದನ್ನು ಕಂಡ ಬಾಟ್ ಎಂಬ ಸ್ವಯಂಚಾಲಿತ ಪ್ರೋಗ್ರಾಂ, ಅದರ ಮುಂದೆ ತನ್ನ ಖರೀದಿಯನ್ನೂ ಹಿಂದೆ ತನ್ನ ಮಾರಾಟವನ್ನೂ ಸೇರಿಸಿ ನಡುವಿನ ವ್ಯತ್ಯಾಸ ಜೇಬಿಗಿಳಿಸುತ್ತದೆ. ಫಿಲಿಪ್ ಡೇಯನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ‘ಫ್ಲ್ಯಾಶ್ ಬಾಯ್ಸ್ 2.0’ ಪ್ರಬಂಧ ಈ ಲಾಭವನ್ನು ಅಳೆದು ತೋರಿಸಿ ಅದಕ್ಕೆ ಎಂಇವಿ ಎಂದು ಹೆಸರಿಟ್ಟಿತು. ಬಾಟ್ ಇಲ್ಲದೆಯೂ ಸರದಿ ಕೆಡುತ್ತದೆ. ನೀವು ಒಬ್ಬರಿಗೆ ನಿಮ್ಮ ಖಾತೆಯಿಂದ 100 ಟೋಕನ್ ತೆಗೆಯಲು ಅನುಮತಿ ಕೊಟ್ಟು, ಆಮೇಲೆ ಅದನ್ನು 50ಕ್ಕೆ ಇಳಿಸುವ ವಹಿವಾಟು ಕಳಿಸುತ್ತೀರಿ. ಅದು ಬ್ಲಾಕು ಸೇರುವ ಮೊದಲೇ ಅವರು 100 ತೆಗೆದು, ಸೇರಿದ ಮೇಲೆ ಇನ್ನೂ 50 ತೆಗೆದರೆ ನಿಯಮದ ಪ್ರಕಾರ ಯಾವ ತಪ್ಪೂ ಇಲ್ಲ.

ಒಪ್ಪಂದ ಬರೆಯುವವರು ಸರದಿಯನ್ನು ಆಳಲಾರರು. ಸರದಿ ಬದಲಾದರೂ ಕೆಡದಂತೆ ಬರೆಯಬಲ್ಲರು. ಅದಕ್ಕೆ ಸುಲಭ ಉಪಾಯ, ವಹಿವಾಟಿನಲ್ಲೇ ಷರತ್ತು ಇಡುವುದು: ‘ಈ ಜಮೀನಿನ ದಾಖಲೆ ಇನ್ನೂ 7ನೇ ಆವೃತ್ತಿಯಲ್ಲೇ ಇದ್ದರೆ ಮಾತ್ರ ಬದಲಿಸು, ಇಲ್ಲವಾದರೆ ರದ್ದು ಮಾಡು.’ ಒಂದೇ ಜಮೀನನ್ನು ಇಬ್ಬರಿಗೆ ಮಾರಲು ಹೊರಟರೆ ಎರಡನೆಯದು ತಾನಾಗಿ ಬೀಳುತ್ತದೆ. ಬೆಲೆಯ ವ್ಯವಹಾರದಲ್ಲಿ ‘ಇಷ್ಟಕ್ಕಿಂತ ಹೆಚ್ಚಾದರೆ ಬೇಡ, ಇಷ್ಟು ಹೊತ್ತು ಮೀರಿದರೆ ಬೇಡ’ ಎಂಬ ಎರಡು ಷರತ್ತು ಸೇರಿಸುತ್ತಾರೆ.

ಮುಚ್ಚಿದ ಟೆಂಡರ್

ಚನ್ನಗಿರಿ, ಹೊನ್ನಾಳಿ ಕಡೆಯ ಅಡಿಕೆ ಬೆಳೆಗಾರರಿಗೆ ಟೆಂಡರ್ ಹೊಸದಲ್ಲ. ಒಬ್ಬ ಖರೀದಿದಾರ ಬರೆದ ದರ ಇನ್ನೊಬ್ಬನಿಗೆ ಮೊದಲೇ ಕಂಡರೆ ಅವನು ಹತ್ತು ರೂಪಾಯಿ ಹೆಚ್ಚಿಗೆ ಬರೆದು ರಾಶಿ ಅಡಿಕೆಯ ಲಾಟು ಹೊಡೆಯುತ್ತಾನೆ. 2014ರಲ್ಲಿ ಶುರುವಾದ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯ ಇ-ಟೆಂಡರಿನಲ್ಲಿ ಅವಧಿ ಮುಗಿಯುವವರೆಗೆ ದರಗಳನ್ನು ಸರ್ವರ್ ಮುಚ್ಚಿಡುತ್ತದೆ. ಎಲ್ಲವೂ ಬಯಲಾದ ಬ್ಲಾಕ್‌ಚೈನ್‌ನಲ್ಲಿ ಮುಚ್ಚಿಡುವ ಸರ್ವರ್ ಇಲ್ಲ. ಅಲ್ಲಿ ಎರಡು ಹಂತ ಮಾಡುತ್ತಾರೆ: ಮೊದಲು ದರದ ಹ್ಯಾಶ್ ಮಾತ್ರ ಸಲ್ಲಿಕೆ, ಅವಧಿ ಮುಗಿದ ಮೇಲೆ ನಿಜವಾದ ದರ ಬಹಿರಂಗ, ಎರಡೂ ತಾಳೆಯಾದರೆ ಮಾತ್ರ ಊರ್ಜಿತ.

ಇದರಲ್ಲಿ ಮೂರು ಕಡೆ ಎಡವುತ್ತಾರೆ. ಕ್ವಿಂಟಲ್ ದರ 40,000ದಿಂದ 70,000ದೊಳಗೆ ಇರುತ್ತದೆ ಎಂದು ಎಲ್ಲರಿಗೂ ಗೊತ್ತಿದ್ದರೆ, ಬರೀ ದರದ ಹ್ಯಾಶನ್ನು ಕ್ಷಣದಲ್ಲಿ ಬಿಡಿಸಬಹುದು. ದರದ ಜತೆ ಊಹಿಸಲಾಗದ ಒಂದು ದೊಡ್ಡ ಸಂಖ್ಯೆ ಬೆರೆಸಲೇಬೇಕು. ಖರೀದಿದಾರನ ವಿಳಾಸವನ್ನೂ ಬೆರೆಸದಿದ್ದರೆ ಇನ್ನೊಬ್ಬ ಅದೇ ಹ್ಯಾಶನ್ನು ನಕಲು ಮಾಡಿ ಸಲ್ಲಿಸಿ, ಮೂಲದವನು ಬಿಚ್ಚಿದ್ದನ್ನೇ ತಾನೂ ಬಿಚ್ಚುತ್ತಾನೆ. ಇನ್ನು ಸೋಲುವಂತೆ ಕಂಡವನು ಬಿಚ್ಚದೇ ಸುಮ್ಮನಿರಬಹುದು. ಅದಕ್ಕೆ ಮುಂಗಡ ಠೇವಣಿ ಇಟ್ಟು, ಬಿಚ್ಚದವನದ್ದು ಮುಟ್ಟುಗೋಲು.

ಒಂದೇ ವಹಿವಾಟಿನ ಒಳಗಿನ ಹಿಂದುಮುಂದು

2016ರ ಜೂನ್ 17ರಂದು ‘ದಿ ಡಿಎಒ’ ಎಂಬ ಒಪ್ಪಂದದಿಂದ ಸುಮಾರು 36 ಲಕ್ಷ ಈಥರ್ ಹರಿದುಹೋಯಿತು. ಕೋಡು ಮೊದಲು ಹಣ ಕೊಟ್ಟು ಆಮೇಲೆ ಪುಸ್ತಕದಲ್ಲಿ ಬಾಕಿ ಕಡಿಮೆ ಮಾಡುತ್ತಿತ್ತು. ಹಣ ಪಡೆದ ಒಪ್ಪಂದ, ಬಾಕಿ ಬರೆಯುವ ಮುಂಚೆಯೇ ಮತ್ತೆ ಮತ್ತೆ ‘ಕೊಡು’ ಎಂದಿತು; ಪುಸ್ತಕದಲ್ಲಿ ಬಾಕಿ ಹಾಗೇ ಇತ್ತು, ಕೊಡುತ್ತಾ ಹೋಯಿತು. ಜುಲೈ 20ರಂದು ಜಾಲವನ್ನೇ ಕವಲೊಡೆಸಿ ಹಣವನ್ನು ಹಿಂದಿರುಗಿಸಲಾಯಿತು. ಅದನ್ನು ಒಪ್ಪದವರ ಸರಪಳಿ ಈಥೀರಿಯಂ ಕ್ಲಾಸಿಕ್ ಎಂದು ಇಂದಿಗೂ ಇದೆ. ಅಂದಿನಿಂದ ನಿಯಮ ಒಂದೇ: ಪರೀಕ್ಷಿಸು, ಪುಸ್ತಕ ಬರೆ, ಆಮೇಲೆ ಹೊರಗಿನವರ ಜತೆ ವ್ಯವಹರಿಸು. ಜತೆಗೆ ಕೆಲಸ ಮುಗಿಯುವ ಮುನ್ನ ಯಾರೂ ಮತ್ತೆ ಒಳಬರದಂತೆ ಬೀಗವೊಂದನ್ನೂ ಹಾಕುತ್ತಾರೆ. 2024ರ ಮಾರ್ಚ್‌ನಿಂದ ಆ ಬೀಗಕ್ಕೆ ವಹಿವಾಟು ಮುಗಿದೊಡನೆ ಅಳಿಯುವ ತಾತ್ಕಾಲಿಕ ಸಂಗ್ರಹವಿದೆ, 100 ಗ್ಯಾಸಿನದು.

ಅನುಮತಿಯ ಸರಪಳಿಗಳು

ಸರ್ಕಾರಗಳು ಸಾಮಾನ್ಯವಾಗಿ ಒಲಿಯುವುದು, ಗೊತ್ತಿರುವ ಸಂಸ್ಥೆಗಳು ಮಾತ್ರ ಸೇರುವ ಸರಪಳಿಗಳತ್ತ. ರಾಷ್ಟ್ರೀಯ ಮಾಹಿತಿ ಕೇಂದ್ರದ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯನ್ನು ಪ್ರಯೋಗಕ್ಕಿಟ್ಟಿತು. 2024ರ ಸೆಪ್ಟೆಂಬರ್ 4ರಂದು ಕೇಂದ್ರ ಪ್ರಕಟಿಸಿದ ‘ವಿಶ್ವಸ್ಯ’ ವ್ಯವಸ್ಥೆ ಭುವನೇಶ್ವರ, ಪುಣೆ, ಹೈದರಾಬಾದ್‌ಗಳ ದತ್ತಾಂಶ ಕೇಂದ್ರಗಳಲ್ಲಿ ಹರಡಿದೆ. ಈ ಬಗೆಯ ಸರಪಳಿಗಳಲ್ಲಿ ಹೆಸರಾದದ್ದು ಹೈಪರ್‌ಲೆಡ್ಜರ್ ಫ್ಯಾಬ್ರಿಕ್. ಅದರಲ್ಲಿ ಗ್ಯಾಸ್ ಇಲ್ಲ, ಮೆಂಪೂಲ್ ಇಲ್ಲ. ಮೊದಲು ಕೋಡನ್ನು ನಡೆಸಿ ನೋಡುತ್ತಾರೆ, ಆಮೇಲೆ ಆರ್ಡರರ್ ಎಂಬ ಯಂತ್ರಗಳು ಸರದಿ ಹಚ್ಚುತ್ತವೆ, ಕೊನೆಗೆ ಪ್ರತಿ ದಾಖಲೆಯ ಆವೃತ್ತಿ ತಾಳೆ ನೋಡಿ ಹಳತಾದದ್ದನ್ನು ತಳ್ಳಿಹಾಕುತ್ತಾರೆ. ಟಿಪ್ ಕೊಟ್ಟು ಮುಂದೆ ಹೋಗುವ ದಾರಿ ಮುಚ್ಚಿತು. ಆದರೆ ಆರ್ಡರರ್ ಯಂತ್ರಗಳೆಲ್ಲ ಒಂದೇ ಇಲಾಖೆಯಲ್ಲಿದ್ದರೆ ಸರದಿಯೂ ಆ ಇಲಾಖೆಯದೇ.

ಕಾನೂನಿನ ಗಡಿಯಾರ

ಬ್ಲಾಕಿನಲ್ಲಿ ಮೊದಲು ಕೂತದ್ದೇ ಕಾನೂನಿನಲ್ಲೂ ಮೊದಲು ಎನ್ನುವಂತಿಲ್ಲ. 1908ರ ನೋಂದಣಿ ಕಾಯ್ದೆಯ 47ನೇ ಕಲಮಿನಂತೆ ನೋಂದಣಿಯಾದ ಪತ್ರ ಜಾರಿಗೆ ಬರುವುದು ಬರೆದುಕೊಟ್ಟ ದಿನದಿಂದ, ನೋಂದಣಿಯಾದ ದಿನದಿಂದಲ್ಲ. ನೋಂದಣಿಗೆ ಹಾಜರುಪಡಿಸಲು 23ನೇ ಕಲಮು ನಾಲ್ಕು ತಿಂಗಳು ಕೊಡುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 48ನೇ ಕಲಮು ಮೊದಲು ಹುಟ್ಟಿದ ಹಕ್ಕಿಗೆ ಮೇಲುಗೈ ಕೊಡುತ್ತದೆ. ಅಂದರೆ ಜನವರಿಯಲ್ಲಿ ಬರೆಸಿ ಏಪ್ರಿಲ್‌ನಲ್ಲಿ ನೋಂದಾಯಿಸಿದವರು, ಮಾರ್ಚ್‌ನಲ್ಲಿ ಬರೆಸಿ ಅಂದೇ ನೋಂದಾಯಿಸಿದವರಿಗಿಂತ ಮುಂದಿರಬಹುದು. ‘ಮೊದಲು ಬಂದದ್ದು ಉಳಿಯಲಿ’ ಎಂದು ಬರೆದ ಒಪ್ಪಂದ ಇವರಲ್ಲಿ ತಪ್ಪಾದವರನ್ನು ಮಾಲೀಕರನ್ನಾಗಿ ಮಾಡುತ್ತದೆ.

ಹಾಗಾಗಿ ಜಮೀನಿನ ಒಪ್ಪಂದದ ದಾಖಲೆಯಲ್ಲಿ ಬರೆದುಕೊಟ್ಟ ದಿನ, ಬ್ಲಾಕು ಸೇರಿದ ಹೊತ್ತು ಎರಡೂ ಬೇರೆಯಾಗಿ ಇರಬೇಕು. ನಾಲ್ಕು ತಿಂಗಳ ಕಿಟಕಿ ಮುಚ್ಚುವವರೆಗೆ ಹೊಸ ಮಾಲೀಕತ್ವ ‘ತಾತ್ಕಾಲಿಕ’ ಎಂಬ ಸ್ಥಿತಿಯಲ್ಲಿ ನಿಲ್ಲಬೇಕು. ಮ್ಯುಟೇಶನ್ ವಿರುದ್ಧ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗುತ್ತದೆ, ಕೋರ್ಟಿನಿಂದ ತಡೆ ಬರುತ್ತದೆ. ‘ತಕರಾರು’ ಎಂಬ ಸ್ಥಿತಿಗೂ ಆದೇಶದಂತೆ ತಿದ್ದುವುದಕ್ಕೂ ಕೋಡಿನಲ್ಲಿ ದಾರಿ ಇರಲೇಬೇಕು; ತಿದ್ದುಪಡಿ ಹಳೆಯದನ್ನು ಅಳಿಸದೆ ಮೇಲೊಂದು ಹೊಸ ನಮೂದಾಗಿ ಕೂರಬೇಕು. ಆ ದಾರಿಯ ಖಾಸಗಿ ಕೀ, ಅಂದರೆ ಸಹಿ ಹಾಕಲು ಬೇಕಾದ ಗುಟ್ಟಿನ ಸಂಖ್ಯೆ, ಒಬ್ಬರೇ ಅಧಿಕಾರಿಯ ಬಳಿ ಇದ್ದರೆ ಭೂಮಿ ಯೋಜನೆಗಿಂತ ಹಿಂದಕ್ಕೆ ಹೋದಂತೆ. ಮೂವರಲ್ಲಿ ಇಬ್ಬರ ಸಹಿ ಬಿದ್ದರೆ ಮಾತ್ರ ತೆರೆಯುವ ಬಹುಸಹಿ ಖಾತೆಗೆ ಅದನ್ನು ಕೊಡಬಹುದು. ಆ ಮೂರು ಸಹಿಗಳು ಕಂದಾಯ, ನೋಂದಣಿ, ಭೂಮಾಪನ ಇಲಾಖೆಗಳಿಗೆ ಒಂದೊಂದು ಹಂಚಿಕೆಯಾಗಿರಬೇಕು.