12 ನಿಮಿಷದಲ್ಲಿ ಪದಬಂಧ ಬಿಡಿಸಿದವರೆಲ್ಲ ಗೂಢಚಾರರಾದರೇ? ದಿನಕ್ಕೊಂದು ಪದಬಂಧ ಮರೆವನ್ನು ತಡೆಯುತ್ತದೆಯೇ?

ಪದಬಂಧದ ಚಿತ್ರದ ಜೊತೆ ಒಂದು ಸಂದೇಶ ಆಗಾಗ ನಮ್ಮ ಫೋನುಗಳಿಗೆ ಬಂದು ಬೀಳುತ್ತದೆ. "ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಎನಿಗ್ಮಾ ಸಂಕೇತ ಭೇದಿಸಲು ಈ ಪದಬಂಧದಿಂದಲೇ ಜನರನ್ನು ಆರಿಸಲಾಯಿತು. 12 ನಿಮಿಷದಲ್ಲಿ ಬಿಡಿಸಿದರೆ ನೀವೂ ಮಹಾಬುದ್ಧಿವಂತರು" ಎನ್ನುತ್ತದೆ ಅದು. ಕೆಲವು ಸಂದೇಶಗಳ ಕೊನೆಗೆ ಇನ್ನೊಂದು ಸಾಲೂ ಇರುತ್ತದೆ: "ದಿನಕ್ಕೊಂದು ಪದಬಂಧ ಬಿಡಿಸಿ, ಮರೆವಿನ ಕಾಯಿಲೆ ಹತ್ತಿರ ಸುಳಿಯುವುದಿಲ್ಲ." ಇದರಲ್ಲಿ ನಿಜವೆಷ್ಟು, ಬೆರಕೆ ಎಷ್ಟು? ಒಂದೊಂದಾಗಿ ನೋಡೋಣ.

ಹೇಳಿಕೆ 1: ಪದಬಂಧದಿಂದ ಗೂಢಚಾರರ ಆಯ್ಕೆ

ಸ್ಪರ್ಧೆ ನಡೆದದ್ದು ನಿಜ. ಲಂಡನ್ನಿನ 'ಡೈಲಿ ಟೆಲಿಗ್ರಾಫ್' ಪತ್ರಿಕೆಯ ಪದಬಂಧ ತೀರಾ ಸುಲಭ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ ಎಂದು ಓದುಗರು ತಕರಾರು ತೆಗೆದಿದ್ದರು. ಹಾಗಿದ್ದರೆ ಮಾಡಿ ತೋರಿಸಿ ಎಂಬ ಸವಾಲು ಬಂತು. 12 ನಿಮಿಷದೊಳಗೆ ಯಾರಾದರೂ ಬಿಡಿಸಿದರೆ ಕಡಲಿನ ಮೈನ್‌ಗಳನ್ನು ತೆರವು ಮಾಡುವ ನಾವಿಕರ ನಿಧಿಗೆ 100 ಪೌಂಡ್ ಕೊಡುವುದಾಗಿ ಕ್ಲಬ್ಬೊಂದರ ಅಧ್ಯಕ್ಷರು ಪಣ ಕಟ್ಟಿದರು. 1942ರ ಜನವರಿಯಲ್ಲಿ ಸ್ಪರ್ಧಿಗಳು ಪತ್ರಿಕೆಯ ಕಚೇರಿಯಲ್ಲಿ ಕುಳಿತು ಬಿಡಿಸಿದರು. ಸಮಯದೊಳಗೆ ಸರಿಯಾಗಿ ಮುಗಿಸಿದವರು ನಾಲ್ವರು. ಇನ್ನೊಬ್ಬರು ಬೇಗ ಮುಗಿಸಿದರೂ ಒಂದು ಪದದ ಕಾಗುಣಿತ ತಪ್ಪಿ ಅನರ್ಹರಾದರು.

ಆಮೇಲೆ ಸ್ಪರ್ಧಿಗಳಲ್ಲಿ ಕೆಲವರಿಗೆ ಸರ್ಕಾರದಿಂದ ಗುಟ್ಟಾಗಿ ಕರೆ ಬಂದದ್ದೂ ನಿಜ. ಅವರಲ್ಲಿ ಸ್ಟಾನ್ಲಿ ಸೆಜ್‌ವಿಕ್ ಎಂಬುವರು ಮುಂದೆ ಸಂಕೇತ ಭೇದನ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕ್ ಸೇರಿ, ಜರ್ಮನಿಯ ಹವಾಮಾನ ಸಂಕೇತಗಳ ಮೇಲೆ ಕೆಲಸ ಮಾಡಿದರು. ಫಾರ್ವರ್ಡ್‌ಗಳು ಬಿಟ್ಟುಬಿಡುವ ಸಂಗತಿ ಇಲ್ಲಿದೆ: ಸೆಜ್‌ವಿಕ್ ಆ ದಿನ ಗೆದ್ದಿರಲಿಲ್ಲ. ಗಂಟೆ ಬಾರಿಸಿದಾಗ ಅವರಿಗೆ ಇನ್ನೂ ಒಂದು ಪದ ಬಾಕಿ ಇತ್ತು. ಅಂದರೆ 12 ನಿಮಿಷ ಎಂಬುದು ಪಣದ ಗಡುವಾಗಿತ್ತೇ ಹೊರತು ಕೆಲಸಕ್ಕೆ ಅರ್ಹತೆಯ ಗೆರೆಯಾಗಿರಲಿಲ್ಲ.

ಎನಿಗ್ಮಾ ಭೇದಿಸಿದ್ದು ಈ ಸ್ಪರ್ಧಿಗಳು ಎನ್ನುವುದಂತೂ ತಪ್ಪು. ಪೋಲೆಂಡಿನ ಗಣಿತಜ್ಞರು 1932ರಲ್ಲೇ ಅದರ ಒಳಗುಟ್ಟನ್ನು ಹಿಡಿದಿದ್ದರು. ಅಲನ್ ಟ್ಯೂರಿಂಗ್ ವಿನ್ಯಾಸಗೊಳಿಸಿದ ಸಂಕೇತ ಭೇದಿಸುವ ಯಂತ್ರ 1940ರಲ್ಲೇ ಬ್ಲೆಚ್ಲಿಯಲ್ಲಿ ಕೆಲಸ ಶುರು ಮಾಡಿತ್ತು. ಪದಬಂಧ ಸ್ಪರ್ಧೆ ನಡೆದದ್ದು ಅದಾದ ಮೇಲೆ. ಯುದ್ಧದ ಕೊನೆಯ ಹೊತ್ತಿಗೆ ಅಲ್ಲಿ ಸಾವಿರಾರು ಜನ ದುಡಿಯುತ್ತಿದ್ದರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಮಹಿಳೆಯರು.

ಹೇಳಿಕೆ 2: ಇದು ಹುಟ್ಟುಬುದ್ಧಿಯ ಪರೀಕ್ಷೆ

ಇಂಗ್ಲಿಷ್ ಪತ್ರಿಕೆಗಳ ಗೂಢ ಪದಬಂಧ ಮೊದಲ ಸಲ ನೋಡಿದವರಿಗೆ ತಲೆಬುಡ ತಿಳಿಯುವುದಿಲ್ಲ. ಅದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಆಟದ ನಿಯಮವನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ನಿಯಮ ಸರಳ: ಸಾಮಾನ್ಯವಾಗಿ ಪ್ರತಿ ಸುಳಿವಿನಲ್ಲಿ ಎರಡು ಭಾಗ ಇರುತ್ತವೆ. ಒಂದು ಭಾಗ ಉತ್ತರದ ಅರ್ಥ. ಅದು ಸುಳಿವಿನ ಆರಂಭದಲ್ಲೋ ಕೊನೆಯಲ್ಲೋ ಇರುತ್ತದೆ. ಇನ್ನೊಂದು ಭಾಗ ಅಕ್ಷರಗಳ ಆಟ. ಎರಡೂ ಒಂದೇ ಉತ್ತರಕ್ಕೆ ಬಂದು ಸೇರಬೇಕು.

ಕನ್ನಡದಲ್ಲೇ ನಾವು ಮೂರು ಸುಳಿವು ಕಟ್ಟಿದ್ದೇವೆ. ಆವರಣದಲ್ಲಿರುವುದು ಉತ್ತರದ ಅಕ್ಷರಗಳ ಸಂಖ್ಯೆ.

"ಲೋಕ ಮಲಗಿದಾಗ ಒಳಗೇ ಅರಳಿದ ಹೂವು (3)". ಕೊನೆಯ ಪದ 'ಹೂವು' ಅರ್ಥ. 'ಒಳಗೇ' ಎಂದರೆ ಉತ್ತರ ಅಲ್ಲೇ ಅಡಗಿದೆ ಎಂಬ ಸೂಚನೆ. ಲೋ'ಕ ಮಲ'ಗಿದಾಗ: ಉತ್ತರ ಕಮಲ.

"ತಿರುಗಿ ನಿಂತ ಹಣ್ಣಿನ ಸಾರ ಕೊರಳಿಗೆ ಅಂದ (2)". ಹಣ್ಣಿನ ಸಾರ ಎಂದರೆ ರಸ. ಅದನ್ನು ಹಿಂದುಮುಂದಾಗಿ ತಿರುಗಿಸಿದರೆ ಕೊರಳಿಗೆ ಅಂದ ಕೊಡುವ ಸರ.

"ಕಬ್ಬಿಣ ಉಜ್ಜುವ ಸಾಧನದ ಪಕ್ಕ ಗೃಹ, ರಾಜ ಇರುವುದು ಅಲ್ಲೇ (4)". ಉಜ್ಜುವ ಸಾಧನ ಅರ, ಗೃಹ ಎಂದರೆ ಮನೆ. ಸೇರಿಸಿದರೆ ಅರಮನೆ.

ಗಮನಿಸಿ, ಮೂರರಲ್ಲೂ ವಾಕ್ಯದ ಮೇಲ್ನೋಟದ ಅರ್ಥ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದನ್ನು ಬದಿಗಿಟ್ಟು ಒಂದೊಂದೇ ಪದವನ್ನು ಕೆದಕಬೇಕು. ಕಠಿಣ ಪದಬಂಧ ಎದುರಾದರೆ ಮೊದಲು ಅರ್ಥದ ಭಾಗ ಯಾವುದು ಎಂದು ಗುರುತಿಸಿ. ಬಳಿಕ 'ತಿರುಗಿ', 'ಒಳಗೆ', 'ಚೆಲ್ಲಾಪಿಲ್ಲಿ' ಎಂಬಂಥ ಸೂಚನಾ ಪದಗಳನ್ನು ಹುಡುಕಿ. 'ಚೆಲ್ಲಾಪಿಲ್ಲಿ' ಎಂದಿದ್ದರೆ ಅಕ್ಷರಗಳನ್ನು ಅದಲುಬದಲು ಮಾಡಬೇಕು ಎಂದರ್ಥ. ಗೊತ್ತಾದ ಉತ್ತರಗಳನ್ನು ತುಂಬಿದರೆ, ಅವನ್ನು ಹಾದುಹೋಗುವ ಪದಗಳಿಗೆ ಒಂದೊಂದು ಅಕ್ಷರ ಪುಕ್ಕಟೆ ಸಿಗುತ್ತದೆ. ಇದು ರೂಢಿಯಿಂದ ಬರುವ ಕೌಶಲ. ಒಂದು ಪದಬಂಧಕ್ಕೆ ಹಿಡಿದ ನಿಮಿಷ ಎಣಿಸಿ ಯಾರ ಬುದ್ಧಿಮಟ್ಟವನ್ನೂ ಅಳೆಯಲಾಗದು.

ಹೇಳಿಕೆ 3: ಪದಬಂಧ ಮರೆವಿನ ಕಾಯಿಲೆಯನ್ನು ತಡೆಯುತ್ತದೆ

ಮೂರರಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೆ. ಅಮೆರಿಕದ ಬ್ರಾಂಕ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪದಬಂಧ ಬಿಡಿಸುವ ಅಭ್ಯಾಸವಿದ್ದವರಲ್ಲಿ ನೆನಪಿನ ಶಕ್ತಿಯ ತ್ವರಿತ ಕುಸಿತ ಸುಮಾರು ಎರಡೂವರೆ ವರ್ಷ ತಡವಾಗಿ ಶುರುವಾದದ್ದು ಕಂಡುಬಂತು. ಆದರೆ ಹೀಗೆ ಹೋಲಿಸಿ ನೋಡಿದ 101 ಜನರಿಗೂ ಕೊನೆಗೆ ಡಿಮೆನ್ಷಿಯಾ ಬಂದಿತ್ತು. ಪದಬಂಧ ಬಿಡಿಸುತ್ತಿದ್ದವರೂ ಅದರಲ್ಲೇ ಸೇರಿದ್ದರು. ಕುಸಿತ ಒಮ್ಮೆ ಶುರುವಾದ ಮೇಲೆ ಅವರಲ್ಲಿ ಅದರ ವೇಗ ಹೆಚ್ಚಾಗಿಯೇ ಇತ್ತು.

2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ನೆನಪಿನ ತೊಂದರೆ ಸಣ್ಣದಾಗಿ ಆಗಲೇ ಶುರುವಾಗಿದ್ದ 107 ಜನರನ್ನು 78 ವಾರ ಗಮನಿಸಲಾಯಿತು. ಕಂಪ್ಯೂಟರ್ ಆಟ ಆಡಿದವರಿಗಿಂತ ಪದಬಂಧ ಬಿಡಿಸಿದವರ ಫಲಿತಾಂಶ ತುಸು ಚೆನ್ನಾಗಿತ್ತು. ಆದರೆ ಎರಡನ್ನೂ ಮಾಡದ ಮೂರನೆಯ ಗುಂಪು ಆ ಪ್ರಯೋಗದಲ್ಲಿ ಇರಲಿಲ್ಲ. ಆದ್ದರಿಂದ 'ಭರವಸೆ ಕಾಣುತ್ತಿದೆ' ಎನ್ನಬಹುದು, 'ಕಾಯಿಲೆ ಬರದಂತೆ ತಡೆಯುತ್ತದೆ' ಎನ್ನಲಾಗದು.

'ಲ್ಯಾನ್ಸೆಟ್' ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಇವು ನಾವು ಬದಲಾಯಿಸಬಹುದಾದವು. ಕಿವಿ ಮಂದವಾಗುವುದು, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಮೈಗೆ ಚಟುವಟಿಕೆ ಇಲ್ಲದಿರುವುದು, ಒಂಟಿತನ, ಸರಿಪಡಿಸದೆ ಬಿಟ್ಟ ದೃಷ್ಟಿದೋಷ ಅವುಗಳಲ್ಲಿ ಕೆಲವು.

ಅಪಾಯ ಇರುವುದು ಎಲ್ಲಿ? ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ಗೊತ್ತಿರುವ ದಾರಿಯಲ್ಲೇ ತಪ್ಪಿಸಿಕೊಂಡರೆ, ಹಣದ ಲೆಕ್ಕದಲ್ಲಿ ಎಡವುತ್ತಿದ್ದರೆ, "ವಯಸ್ಸಾಯಿತು, ಒಂದು ಪದಬಂಧದ ಪುಸ್ತಕ ತಂದುಕೊಡಿ" ಎಂದು ಸುಮ್ಮನಾಗುವುದರಲ್ಲಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮದಿಂದಲೂ ಮರೆವು ಬರಬಹುದು. ಇವುಗಳಿಗೆ ಚಿಕಿತ್ಸೆ ಇದೆ. ಅದು ಗೊತ್ತಾಗುವುದು ವೈದ್ಯರ ಬಳಿ ಹೋದರೆ ಮಾತ್ರ.

ಒಟ್ಟಿನಲ್ಲಿ

1942ರ ಸ್ಪರ್ಧೆ ನಿಜ, ಅದರಿಂದ ಕೆಲವರಿಗೆ ಕರೆ ಬಂದದ್ದೂ ನಿಜ. ಎನಿಗ್ಮಾ ಭೇದಿಸಿದ್ದು ಆ ಸ್ಪರ್ಧಿಗಳು ಎಂಬುದು ಸುಳ್ಳು. ಪದಬಂಧ ಬುದ್ಧಿಯ ಅಳತೆಗೋಲು ಎಂಬುದೂ ಸುಳ್ಳು. ಅದು ಮರೆವಿನ ಕಾಯಿಲೆ ಬರದಂತೆ ತಡೆಯುತ್ತದೆ ಎಂಬುದಕ್ಕೆ ಪುರಾವೆ ಸಾಲದು. ಪದಬಂಧ ಖುಷಿ ಕೊಟ್ಟರೆ ಬಿಡಿಸಿ, ಅಪ್ಪ ಅಮ್ಮನನ್ನೂ ಜೊತೆಗೆ ಕೂರಿಸಿಕೊಳ್ಳಿ. ಅವರ ಬಿಪಿ, ಸಕ್ಕರೆ, ಕಿವಿ, ಕಣ್ಣುಗಳ ತಪಾಸಣೆಯನ್ನು ಮಾತ್ರ ಮುಂದೂಡಬೇಡಿ. ಆ ಸಂದೇಶ ಮತ್ತೆ ಬಂದರೆ, ಕೊನೆಯ ಸಾಲನ್ನು ಅಳಿಸಿ ಮುಂದೆ ಕಳಿಸಿ.